ಮೂರನೇ ಓಣಿಯ ಸ್ಥಳದೊಡೆಯರಿಗೆ: ನಿದ್ದೆಯನ್ನೂ ಒಂದು ಆಯ್ಕೆಯಾಗಿ ಸೇರಿಸಬೇಕೆಂದು ಕೋರಿ

ಮಾನ್ಯರೇ,

ಹಾತ್ ಲಂಪು ಕಡಲತೀರದ ಮೂರನೇ ಓಣಿಯ ತಿರುವಿನಲ್ಲಿ, ಒಂಟಿ ಕಂಬದ ಮೇಲಿನ ಪುಟ್ಟ ಮನೆಯಲ್ಲಿ, ಒಂದು ಜೊತೆ ಮಣ್ಣಿನ ಆನೆ, ಒಂದು ಹಿಂಡು ಜೀಬ್ರಾ ಮತ್ತು ಮೂಗು ಮುರಿದ ಇಬ್ಬರು ಪರಿಚಾರಕಿಯರೊಡನೆ ಸುಖವಾಗಿ ವಾಸವಾಗಿರುವ, ಈ ನೆಲ ಕಾಯುವ ದೈವವೂ ಒಡೆಯರೂ ಓಣಿಯವರೆಲ್ಲರ ಬಾಯಲ್ಲಿ ಅಜ್ಜಯ್ಯನವರೂ ಆದ ತಮ್ಮ ಪಾದಾರವಿಂದಗಳಿಗೆ, ಪಾದಗಳು ಇವೆಯೆಂದೇ ನಂಬಿಕೊಂಡು, ಓಣಿಯ ಕೊನೆಯ ಮನೆಯ ನಿವೃತ್ತ ಸಾಹಿತ್ಯದ ಮೇಷ್ಟ್ರು ವಿಸುತ್ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೊದಲಿಗೆ ಒಂದು ಅಪರಾಧವನ್ನು ಒಪ್ಪಿಕೊಂಡು ಹಗುರಾಗುತ್ತೇನೆ. ನಿನ್ನೆ ಬೆಳಿಗ್ಗೆ ತಮ್ಮ ನೈವೇದ್ಯದ ತಟ್ಟೆಯಿಂದ ಕೆಂಪು ಸೋಡಾ ಕದ್ದು ಕುಡಿದವನು ನಾನೇ. ಓಣಿಯವರು ಅಳಿಲಿನ ಮೇಲೆ ಹೊರಿಸಿರುವ ಆಪಾದನೆಯನ್ನು ದಯವಿಟ್ಟು ವಜಾ ಮಾಡಿ. ಕುಡಿದ ಬಾಟಲಿಯನ್ನು ತೊಳೆದು, ಇದ್ದ ಜಾಗದಲ್ಲೇ ಇಟ್ಟು, ಕೈಮುಗಿದು ಹೋಗುವ ಸಂಸ್ಕಾರ ಅಳಿಲಿಗೆ ಎಲ್ಲಿಂದ ಬರಬೇಕು? ಭಕ್ತರು ಹೀರುಕೊಳವೆಯನ್ನೂ ಹಾಕಿಯೇ ಇಟ್ಟಿದ್ದರು, ಮತ್ತು ರಾತ್ರಿಯಿಡೀ ರೆಪ್ಪೆ ಕೂಡಿಸದವನಿಗೆ ಬೆಳಗಿನ ಹೊತ್ತಿಗೆ ದೇವರಿಗೂ ತನಗೂ ಇರುವ ವ್ಯತ್ಯಾಸ ಸ್ವಲ್ಪ ಮಸುಕಾಗಿರುತ್ತದೆ. ರುಚಿಯ ಬಗ್ಗೆ ಕೇಳಿದರೆ, ಕೆಮ್ಮಿನ ಔಷಧಿಗೆ ಮದುವೆ ಮಾಡಿದ ಹಾಗಿತ್ತು. ಇದನ್ನೇ ದಿನವೂ ಸ್ವೀಕರಿಸುವ ತಮ್ಮ ಸಹನೆಗೆ ಇನ್ನೊಂದು ನಮಸ್ಕಾರ.

ಇದು ಬಹಿರಂಗ ಪತ್ರ. ಆದ್ದರಿಂದ ಯಾರಿಗೂ ತೋರಿಸಬೇಡಿ. ನಾಲ್ಕಾಗಿ ಮಡಚಿ ಮಲ್ಲಿಗೆ ಹಾರದ ಅಡಿಯಲ್ಲಿ ಇಟ್ಟಿದ್ದೇನೆ, ಮೇಲೆ ಭಾರಕ್ಕೆ ಒಂದು ಜೀಬ್ರಾ ಇದೆ. ಮುಖ್ಯವಾಗಿ ನನ್ನ ಪಕ್ಕದ ‘ನೀಲಿ ಏಡಿ’ ಬಾರಿನ ಒಡತಿ ಬುಸಾಬಾಳ ಕಣ್ಣಿಗೆ ಇದು ಬೀಳಬಾರದು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಕೊನೆಯ ಬೆಂಚಿನವಳು, ಎದುರಿಗೆ ಸಿಕ್ಕರೆ ನಡುಬೀದಿಯಲ್ಲೂ ಸೊಂಟ ಬಗ್ಗಿಸಿ ಕೈಮುಗಿದು, “ಮೇಷ್ಟ್ರೇ, ಊಟ ಆಯ್ತಾ?” ಎಂದು ಕೇಳುವವಳು. ಅಂಥವಳ ಮನಸ್ಸಿಗೆ ನೋವಾಗಬಾರದೆಂಬ ಒಂದೇ ಕಾರಣಕ್ಕೆ ಅವಳ ಮೇಲಿನ ದೂರನ್ನು ಅವಳಿಗೆ ಹೇಳದೆ ತಮಗೆ ಹೇಳುತ್ತಿದ್ದೇನೆ. ಇದೇ ಅಲ್ಲವೇ ನಮ್ಮ ನಾಡಿನ ರೀತಿ?

ಈ ಹಂಗಾಮಿಗೆಂದು ಊರಿನ ಪ್ರವಾಸಿ ಸಂಘದವರು ‘ನಮ್ಮ ರಾತ್ರಿಗಳು, ನಿಮ್ಮ ಆಯ್ಕೆಗಳು’ ಎಂಬ ಬಣ್ಣದ ಕೈಪಿಡಿ ತಂದಿರುವುದು ತಮಗೆ ಗೊತ್ತೇ ಇದೆ. ಅದರ ಒಂದು ಪ್ರತಿ ತಮ್ಮ ತಟ್ಟೆಯಲ್ಲೂ ಅಗರಬತ್ತಿಯ ಬೂದಿ ಹಿಡಿಯುತ್ತಿದೆ. ಎಂಥ ಸಮೃದ್ಧಿ, ಅಜ್ಜಯ್ಯ! ಮರಳಿನ ಮೇಲೆ ಬೆಂಕಿ ತಿರುಗಿಸುವ ಯುವಕರನ್ನು ನೋಡಬಹುದು, ಅವರ ಹುಬ್ಬು ಯಾಕೆ ಅರ್ಧ ಇದೆಯೆಂದು ಕೇಳಬಾರದು. ನಮ್ಮ ಕಾಲದಲ್ಲಿ ಸ್ನಾನಕ್ಕೆಂದು ಇದ್ದ ಬಕೆಟ್ಟಿನಲ್ಲಿ ಈಗ ಫರಂಗಿಗಳು ಮದ್ಯ ಕುಡಿಯಬಹುದು, ಕುಡಿದು ಮುಗಿಸಿ ಅದೇ ಬಕೆಟ್ಟಿಗೆ ಅದನ್ನು ಗೌರವಪೂರ್ವಕವಾಗಿ ಹಿಂದಿರುಗಿಸಲೂಬಹುದು. ಮುಷ್ಟಿಯುದ್ಧದ ಕಣವಿದೆ, ಹಗಲೆಲ್ಲ ಒಂದೇ ಶೆಡ್ಡಿನಲ್ಲಿ ಸ್ಕೂಟರ್ ರಿಪೇರಿ ಮಾಡುವ ಇಬ್ಬರು ಗೆಳೆಯರು ರಾತ್ರಿ ಜನ್ಮಾಂತರದ ವೈರಿಗಳಾಗಿ ಬಡಿದಾಡಿ, ಆಮೇಲೆ ಒಂದೇ ತಟ್ಟೆಯಲ್ಲಿ ಸುಟ್ಟ ಮೀನು ತಿನ್ನುತ್ತಾರೆ. ಗರಿಯ ಕಿರೀಟದ ಸುಂದರಿಯರ ನಾಟ್ಯಶಾಲೆಯಿದೆ. ಆ ಸುಂದರಿಯರಲ್ಲಿ ಮೂವರು ನನ್ನ ತರಗತಿಯಲ್ಲಿ ಹುಡುಗರಾಗಿ ಕೂತಿದ್ದವರು. ಆಗ ಒಂದು ಪದ್ಯವೂ ಬಾಯಿಗೆ ಬರುತ್ತಿರಲಿಲ್ಲ, ಈಗ ಐದು ಭಾಷೆಯ ಹಾಡಿಗೆ ತುಟಿ ತಪ್ಪದೆ ಆಡಿಸುತ್ತಾರೆ; ನನಗೆ ಹೆಮ್ಮೆಯೇ. ಒಂದು ಕಾಲಕ್ಕೆ ಈ ಊರಿನ ರಾತ್ರಿರಂಜನೆ ಎಂದರೆ ಕಾಲುವೆಯಂಚಿನ ಲಂಪು ಮರಕ್ಕೆ ಮುತ್ತುತ್ತಿದ್ದ ಮಿಂಚುಹುಳುಗಳು. ಅವು ನೀಲಿ ಏಡಿಯ ದೀಪಗಳನ್ನು ಒಂದು ರಾತ್ರಿ ನೋಡಿದವು, ಕೀಳರಿಮೆಯಿಂದ ಊರು ಬಿಟ್ಟವು.

ಇಷ್ಟೆಲ್ಲ ಆಯ್ಕೆಗಳ ನಡುವೆ ಹುಡುಕಿ ಹುಡುಕಿ ಸುಸ್ತಾದೆ. ಒಂದೇ ಒಂದು ಆಯ್ಕೆ ಆ ಕೈಪಿಡಿಯಲ್ಲಿಲ್ಲ: ನಿದ್ದೆ. ನಿಶೆಯಲ್ಲಿ ನಶೆಗೆ ಜಾಗವಿದೆ, ನಿದ್ದೆಗಿಲ್ಲ.

ನೀಲಿ ಏಡಿಗೆ ಧ್ವನಿವರ್ಧಕಗಳು ಹಲವು. ಎಲ್ಲವೂ ಕುಡಿಯುವವರತ್ತ ಮುಖ ಮಾಡಿವೆ, ಅದು ನ್ಯಾಯ. ಆದರೆ ಅವುಗಳಲ್ಲೆಲ್ಲ ಹಿರಿದಾದ, ಬೀರುವಿನಷ್ಟು ಎತ್ತರದ ಒಂದು ಮಾತ್ರ ಸಮುದ್ರಕ್ಕೂ ಗಿರಾಕಿಗಳಿಗೂ ಬೆನ್ನು ತಿರುಗಿಸಿ, ಗೋಡೆಯಾಚೆಯ ನನ್ನ ಮಲಗುವ ಕೋಣೆಯ ಕಿಟಕಿಯನ್ನೇ ದಿಟ್ಟಿಸುತ್ತ ನಿಂತಿದೆ. ಯಾವ ಶಾಸ್ತ್ರ ಇದನ್ನು ವಿವರಿಸುತ್ತದೋ ಕಾಣೆ. ಅದು ಬಾಯಿ ತೆರೆದರೆ ನನ್ನ ಮಂಚ ನಾಲ್ಕು ಬೆರಳು ಬಾಗಿಲ ಕಡೆ ನಡೆಯುತ್ತದೆ, ಲೋಟದಲ್ಲಿಟ್ಟ ಹಲ್ಲಿನ ಸೆಟ್ಟು ತಾಳ ಹಾಕುತ್ತದೆ. ಜೀವಮಾನವಿಡೀ ಶಬ್ದಕ್ಕೆ ಅರ್ಥ ಹೇಳಿಕೊಟ್ಟವನಿಗೆ ಮುಪ್ಪಿನಲ್ಲಿ ಅರ್ಥವಿಲ್ಲದ ಶಬ್ದವೇ ಪಿಂಚಣಿ.

ಇದನ್ನು ಸಹಿಸಲಾರದೆ ನನ್ನ ಹೆಂಡತಿ ಲಮ್ದುವನ್ ಮಳೆಗಾಲ ಮುಗಿದ ಕೂಡಲೇ ಒಳನಾಡಿನಲ್ಲಿರುವ ತನ್ನ ಅಕ್ಕನ ಮನೆಗೆ ಹೊರಟುಹೋದಳು. ಹೋಗುವಾಗ ಜಗಳವಾಡಲಿಲ್ಲ, ಅದೇ ಭಯ. ಹೊಸಿಲಲ್ಲಿ ಚೀಲ ಇಟ್ಟು, “ರೀ, ಅವಳ ಮುಂದೆ ಹೋಗಿ ನಿಂತು, ‘ಮಗಳೇ, ಶಬ್ದ ಕಮ್ಮಿ ಮಾಡು’ ಅನ್ನಿ. ನಾಲ್ಕೇ ಪದ. ಅವತ್ತೇ ವಾಪಸ್ ಬರ್ತೀನಿ,” ಎಂದಳು. ನೀನೇ ಒಂದು ಮಾತು ಹೇಳಬಹುದಲ್ಲ ಎಂದೆ. “ಹೇಳಬಹುದು. ಆದ್ರೆ ಊರಿಗೆಲ್ಲ ‘ನಾನು ನೇರ ಮಾತಿನೋನು’ ಅಂತ ಡಂಗುರ ಹೊಡ್ಕೊಂಡು ತಿರುಗೋರು ಯಾರು, ನಾನಾ? ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇರಲ್ವಂತೆ. ನೀವು ಹೆರೋದನ್ನ ನೋಡ್ಕೊಂಡು ನಾನು ಕೂತಿರಲ್ಲ.”

ಈ ಮಾತಿನಲ್ಲಿ ನನ್ನ ಬಗ್ಗೆ ಒಂದು ಅಪವಾದವಿದೆ, ತಮ್ಮ ಸನ್ನಿಧಿಯಲ್ಲಿ ಅದನ್ನು ನಿವಾರಿಸಬೇಕು. ನಾನು ನೇರ ನುಡಿಯವನು ಎಂಬುದು ಡಂಗುರವಲ್ಲ, ಇತಿಹಾಸ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೊದ್ದರಂತೆ. ನನ್ನ ಎದೆಯನ್ನು ನೋಡಿ, ಎಷ್ಟು ಒದೆಗಳ ಗುರುತಿದೆ. ಶಿಕ್ಷಣಾಧಿಕಾರಿಯ ಸ್ವರಚಿತ ಕವನವನ್ನು ತುಂಬಿದ ಸಭೆಯಲ್ಲಿ ‘ಇದು ಪದ್ಯವಲ್ಲ, ಪಥ್ಯ’ ಎಂದವನು ನಾನು. ಮುಖ ನೋಡಿ ಮಣೆ ಹಾಕುವ ಜಾಯಮಾನ ನನ್ನದಲ್ಲ. ಬುಸಾಬಾಳಿಗೆ ಹೇಳಲು ಅನೇಕ ಸಲ ಹೊರಟದ್ದೂ ಉಂಟು. ಆದರೆ ಪ್ರತಿ ಸಲವೂ ನಾನು ಗೇಟು ದಾಟುವುದರೊಳಗೆ ಅವಳೇ ಮಾವಿನಹಣ್ಣು, ತೆಂಗಿನಹಾಲಿನ ಅಂಟನ್ನ ಹಿಡಿದು ಎದುರಾಗುತ್ತಿದ್ದಳು. ಬಾಯಲ್ಲಿ ಅಂಟನ್ನ ಇಟ್ಟುಕೊಂಡು ಯಾವ ಸತ್ಯ ಹೇಳಲು ಸಾಧ್ಯ? ದಕ್ಷಿಣೆಯನ್ನಾದರೆ ಹಿಂದಿರುಗಿಸಬಹುದು, ದಾಕ್ಷಿಣ್ಯವನ್ನು ಯಾವ ತಟ್ಟೆಯಲ್ಲಿಟ್ಟು ಹಿಂದಿರುಗಿಸುವುದು?

ಹೀಗಾಗಿ ತಮ್ಮ ಕಾರ್ಯಾಲಯಕ್ಕೆ ಅರ್ಜಿ ಹಾಕಿದೆ. ನೀಲಿ ಏಡಿ ಬಾಯಿ ಮುಚ್ಚಿದರೆ ಬುಟ್ಟಿ ತುಂಬ ಬೇಯಿಸಿದ ಮೊಟ್ಟೆ ಒಪ್ಪಿಸುತ್ತೇನೆಂದು ಹರಕೆ ಹೊತ್ತು, ನಂಬಿಕೆಗೆ ಅರ್ಧ ಬುಟ್ಟಿ ಮುಂಗಡವಾಗಿಯೇ ತಂದೆ. ಮೊಟ್ಟೆ ಮಾರುವ ಸಂಗ್ವಾನ್ ಅತ್ತೆ ಇಡೀ ಮಾರುಕಟ್ಟೆಗೆ ಕೇಳುವಂತೆ, “ಏನ್ ಮೇಷ್ಟ್ರೇ, ಅಮ್ಮಾವ್ರು ಊರಲ್ಲಿಲ್ಲ, ಒಬ್ರೇ ಇಷ್ಟು ಮೊಟ್ಟೆ ತಿಂದು ಮುಷ್ಟಿಯುದ್ಧಕ್ಕೆ ಇಳೀತೀರಾ?” ಎಂದು ಕೇಳಿದ ಅವಮಾನವನ್ನೂ ತಮ್ಮ ಲೆಕ್ಕಕ್ಕೇ ಬರೆದುಕೊಂಡೆ. ಆದರೆ ಅದೇ ದಿನ, ಅದೇ ತಟ್ಟೆಯ ಎದುರು, ಬುಸಾಬಾ ಬಾರಿಗೆ ಜನ ತುಂಬಲಿ ಎಂದು ನರ್ತಕಿಯರ ಸೇವೆಯ ಹರಕೆ ಹೊತ್ತಳು. ಜನ ತುಂಬಿದರು. ಮರುವಾರವೇ ಚಿನ್ನದ ಬಣ್ಣದ ಕಿರೀಟದ ನರ್ತಕಿಯರು ಗಾಡಿಯಲ್ಲಿ ಬಂದಿಳಿದು, ತಮ್ಮ ಕಂಬದ ಮುಂದೆ ಹಗಲು ಹೊತ್ತಿನಲ್ಲೇ ಡೋಲು, ಮೈಕು ಸಮೇತ ಕುಣಿದು ಹರಕೆ ತೀರಿಸಿದರು. ಅಂದರೆ ರಾತ್ರಿಯ ಜೊತೆಗೆ ನನ್ನ ಹಗಲೂ ಹೋಯಿತು. ನಾನು ಮೊಟ್ಟೆಯಿಂದ ಹಂದಿಯ ತಲೆಗೆ ಏರಿದೆ. ಅವಳು ಒಂದು ತಂಡದಿಂದ ಎರಡು ತಂಡಕ್ಕೆ ಏರಿದಳು. ಅಜ್ಜಯ್ಯ, ತಪ್ಪು ತಿಳಿಯಬೇಡಿ, ಇದು ಹರಕೆಯೋ ಹರಾಜೋ? ಇಂಥ ವಯಸ್ಸಿನಲ್ಲೂ ಊರಿನ ರಾತ್ರಿಜೀವನದ ಅತ್ಯಂತ ನಿಷ್ಠಾವಂತ ಗಿರಾಕಿ ತಾವೇ ಎಂಬುದರಲ್ಲಿ ಇನ್ನು ನನಗೆ ಅನುಮಾನವಿಲ್ಲ, ಮತ್ತು ತಮ್ಮ ಅಭಿರುಚಿಯ ತಾರುಣ್ಯವನ್ನು ಎಷ್ಟು ಹೊಗಳಿದರೂ ಸಾಲದು. ಮೌನಕ್ಕೆ ಕಿರೀಟವಿಲ್ಲ, ಸೊಂಟವೂ ಇಲ್ಲ. ಅದನ್ನು ಯಾರು ತಾನೇ ಕೂತು ನೋಡುತ್ತಾರೆ?

ಅಷ್ಟರಲ್ಲಿ ಒಳನಾಡಿನಿಂದ ಸುದ್ದಿ ಬಂತು: ಲಮ್ದುವನ್ ಅಕ್ಕನ ಹಿತ್ತಲಲ್ಲಿ ಮೆಣಸಿನ ಸಸಿ ನೆಟ್ಟಿದ್ದಾಳೆ. ಹೆಂಡತಿ ಸಿಟ್ಟಿನಿಂದ ಹೋದರೆ ಸಿಟ್ಟಿಳಿದ ಮೇಲೆ ಬರುತ್ತಾಳೆ. ಸಸಿ ನೆಟ್ಟವಳು ಕಾಯಿ ಕೊಯ್ಯದೆ ಬರುವುದಿಲ್ಲ, ಕೊಯ್ದವಳು ಮತ್ತೆ ನೆಡುತ್ತಾಳೆ. ಮನೆಯಲ್ಲಿ ನಾನು ಡಬ್ಬಿಯ ಮೀನು ತಿನ್ನುತ್ತ, ಅವಳ ದಿಂಬನ್ನು ಕಿಟಕಿಗೆ ಒತ್ತಿ ಕಟ್ಟಿ ಮಲಗುತ್ತಿದ್ದೆ. ಶಬ್ದ ತಡೆಯಲಿಲ್ಲ. ದಿಂಬಿನಲ್ಲಿ ಅವಳ ತಲೆಗೆ ಹಚ್ಚುವ ಎಣ್ಣೆಯ ವಾಸನೆ ಇತ್ತು, ಅಷ್ಟೇ.

ಆದ್ದರಿಂದ ಮೊನ್ನೆ ಮಧ್ಯಾಹ್ನ, ಕುರ್ಚಿಗಳೆಲ್ಲ ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದ ಹೊತ್ತಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೀಲಿ ಏಡಿಗೆ ಹೋದೆ. ಹೋಗಿ, ಬುಸಾಬಾಳ ಕಣ್ಣಲ್ಲಿ ಕಣ್ಣಿಟ್ಟು, ಆ ಧ್ವನಿವರ್ಧಕದ ವಿಷಯವನ್ನೇ ಎತ್ತಿ, ಕೊರತೆಯನ್ನು ಕೊರತೆಯೆಂದೇ ಹೇಳಿ ಬಂದೆ. ಅಂದೇ ಸಂಜೆ ಹೆಂಡತಿಗೆ ಫೋನು ಮಾಡಿದೆ.

“ಹೇಳಿದ್ರಾ?”

“ಹೇಳಿದೆ.”

“ಸುತ್ತಿ ಬಳಸಿ ಹೇಳಿದ್ರಾ, ನೇರವಾಗಾ?”

“ಏನು ಕೊರತೆಯೋ ಅದನ್ನ ಮುಖದ ಮೇಲೇ ಹೇಳಿದೆ ಕಣೇ.”

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. “ನನ್ನ ಗಂಡ ಗಂಡಸೇ ಅಂತ ಅಕ್ಕನಿಗೆ ಈಗ ಹೇಳ್ತೀನಿ ಇರಿ. ಶುಕ್ರವಾರದ ಸಂಜೆ ಬಸ್ಸಿಗೆ ಬರ್ತೀನಿ. ಮೆಣಸಿನ ಗಿಡ ಅವಳೇ ನೋಡ್ಕೊಳ್ಲಿ.”

ಇಷ್ಟು ಸುಖಾಂತವಾದ ಮೇಲೂ ಈ ಪತ್ರ ಯಾಕೆ ಎಂದು ತಾವು ಕೇಳಬಹುದು. ಕೇಳದಿದ್ದರೆ ಒಳ್ಳೆಯದು. ಕೆಲವು ಸಣ್ಣಪುಟ್ಟ ಕೋರಿಕೆಗಳಿವೆ. ಶುಕ್ರವಾರದೊಳಗೆ ಸಮುದ್ರದ ಉಪ್ಪುಗಾಳಿಯನ್ನು ಕೊಂಚ ಚುರುಕುಗೊಳಿಸಿ ಆ ಯಂತ್ರದ ಒಳಗನ್ನು ತುಕ್ಕು ಹಿಡಿಸಲು ಸಾಧ್ಯವೇ? ಅದು ತಮ್ಮ ವ್ಯಾಪ್ತಿಗೆ ಬರದಿದ್ದರೆ, ನನ್ನ ಮನೆಯನ್ನು, ಬಾವಿ ಮತ್ತು ಹಲಸಿನ ಮರದ ಸಮೇತ, ಯಾರಿಗೂ ತಿಳಿಯದಂತೆ ಐದನೇ ಓಣಿಗೆ ಸರಿಸಬಹುದೇ? ಅಥವಾ ಊರಿನ ಸಮಸ್ತ ಫರಂಗಿಗಳಿಗೂ ಒಂದೇ ರಾತ್ರಿಯಲ್ಲಿ ಧ್ಯಾನದ ಹುಚ್ಚು ಹಿಡಿಸಿ ಗುಡ್ಡದ ಮೇಲಿನ ಮಠಕ್ಕೆ ಅಟ್ಟಬಹುದು. ಅಲ್ಲಿ ಊಟ ಚೆನ್ನಾಗಿದೆ. ಯಾವುದೂ ಆಗದಿದ್ದರೆ ಕಡೆಯ ಪಕ್ಷ ಶುಕ್ರವಾರದ ಬಸ್ಸು ದಾರಿಯಲ್ಲಿ, ಯಾರಿಗೂ ಪೆಟ್ಟಾಗದಂತೆ, ಒಳ್ಳೆಯ ನೂಡಲ್ ಅಂಗಡಿಯೊಂದರ ಎದುರಿನಲ್ಲೇ ಕೆಟ್ಟು ನಿಲ್ಲಲಿ. ಲಮ್ದುವನ್‌ಗೆ ಬಾತುಕೋಳಿಯ ಸಾರು ಇಷ್ಟ.

ತಮ್ಮ ಆಯ್ಕೆಗಳ ಪಟ್ಟಿಗೆ ಸೇರದ,
ಆದರೂ ತಮ್ಮನ್ನೇ ನೆಚ್ಚಿರುವ ವಿಶ್ವಾಸಿ,
ವಿಸುತ್ ಮೇಷ್ಟ್ರು

ತಾ.ಕ.: ಸ್ಥಳದೊಡೆಯರಾದ ತಮಗೆ ಸ್ಥಳದಲ್ಲಿ ನಡೆದದ್ದೆಲ್ಲ ಗೊತ್ತಿರಬೇಕು, ಆದರೆ ಮೊನ್ನೆ ಮಧ್ಯಾಹ್ನ ತಾವು ನರ್ತಕಿಯರ ಆಯಾಸದಲ್ಲಿ ಮಲಗಿದ್ದಿರಬಹುದೆಂದು ವಿವರ ಬರೆಯುತ್ತೇನೆ. ನಾನು ಬಾಯಿ ತೆರೆಯುವ ಮೊದಲೇ ಬುಸಾಬಾ ನೆಲಕ್ಕೆ ಕುಸಿದು ಕೈಮುಗಿದಳು. “ಬಾರ್ ಶುರು ಮಾಡಿದ ದಿನ ನೀವು ಬಂದು, ಹಳೇ ಹಾಡು ಕೇಳಿ, ‘ನಮ್ಮನೆವರೆಗೂ ಕೇಳ್ಸಿದ್ರೆ ಎಷ್ಟು ಚೆನ್ನಾಗಿರುತ್ತೆ’ ಅಂದಿದ್ರಲ್ಲ ಮೇಷ್ಟ್ರೇ, ಅವತ್ತೇ ಆ ದೊಡ್ಡದನ್ನ ನಿಮ್ಮ ಕಿಟಕಿಗೆ ತಿರುಗಿಸಿಟ್ಟೆ. ಗಿರಾಕಿಗಳು ಬೈತಾರೆ. ಅಲ್ಲಿ ನನ್ನ ಗುರುಗಳಿದಾರೆ ಅಂತೀನಿ,” ಎಂದಳು. ಹಾಗೆ ಅಂದದ್ದು ನಿಜ; ಅಂದು ಅವಳ ಅಂಟನ್ನ ತಿನ್ನುತ್ತಿದ್ದೆ. ಸರಿಯಾಗಿ ಕೇಳಿಸುತ್ತದೆಯೇ ಎಂದಳು, ತುಂಬ ಚೆನ್ನಾಗಿ ಎಂದೆ. ಅವಳು ಕಣ್ಣು ತುಂಬಿಕೊಂಡು, “ದಾಕ್ಷಿಣ್ಯಕ್ಕೆ ಹೇಳ್ತಿದೀರ. ಇಡೀ ಊರಲ್ಲಿ ಮುಖದ ಮೇಲೆ ಹೇಳೋರು ನೀವೊಬ್ರೇ. ಏನ್ ಕೊರತೆ ಹೇಳಿ ಮೇಷ್ಟ್ರೇ,” ಎಂದಳು. ಇಡೀ ಜೀವಮಾನದ ಖ್ಯಾತಿಯ ಪ್ರಶ್ನೆ, ಅಜ್ಜಯ್ಯ. ಒಂದು ಕೊರತೆ ಹೇಳಲೇಬೇಕಾಯಿತು. “ಎಡಕಿವಿಗೆ ಚೆನ್ನಾಗಿ ಕೇಳ್ಸುತ್ತೆ ಮಗಳೇ,” ಎಂದೆ, “ಬಲಗಿವಿಗೇ ಸ್ವಲ್ಪ ಕಮ್ಮಿ.”

ಎರಡನೆಯ ಧ್ವನಿವರ್ಧಕ ಶುಕ್ರವಾರ ಸಂಜೆ ಬರುತ್ತದೆ. ಲಮ್ದುವನ್ ಕೂಡ.