ಕಾಕಾ ಹಿಡಿದಿಟ್ಟ ನಲವತ್ತು ಬೈಗುಳ

ಮೊಬೈಲಿಗೆ ಮಧ್ಯಾಹ್ನದ ನಿದ್ದೆ ಮಾಡಿಸುವ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ನಮ್ಮ ಕಾಕಾನ ಮನೆಗೆ ಬನ್ನಿ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಆದರೆ ಒಂದರಿಂದ ಮೂರು ಗಂಟೆಯ ನಡುವೆ ಮಾತ್ರ ಬರಬೇಡಿ. ಆಗ ಫೋನು ಮಲಗಿರುತ್ತದೆ!

ನಮ್ಮೂರಿನ ಬಿಸಿಲಿನ ಬಗ್ಗೆ ನಾನು ಹೊಸದಾಗಿ ಹೇಳುವುದೇನಿದೆ? ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಪ್ಪಳ ಹಾಕಿ ಕೆಳಗಿಳಿಯುವಷ್ಟರಲ್ಲಿ ಒಣಗಿರುತ್ತವೆ. ಫೋನು ಬಿಸಿಯಾದರೆ ಬ್ಯಾಟರಿಯ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕಾಕಾ ಎಲ್ಲೋ ಓದಿದರು. ಅಂದಿನಿಂದ ಊಟವಾದ ಕೂಡಲೇ ಫೋನನ್ನು ಆಫ್ ಮಾಡುತ್ತಾರೆ. ಮಡಚಿದ ಟವೆಲ್ಲಿನ ಮೇಲೆ ಅದನ್ನು ಮಲಗಿಸಿ, ನೀರಿನ ಗಡಿಗೆಯ ಪಕ್ಕ ತಂಪಿನಲ್ಲಿಟ್ಟು, ತಾವೂ ಅಲ್ಲೇ ಅಡ್ಡಾಗುತ್ತಾರೆ. ನಾನು ಒಮ್ಮೆ ಕೇಳಿಯೇಬಿಟ್ಟೆ.

"ಕಾಕಾ, ಆ ಹೊತ್ತಿನ್ಯಾಗ ಯಾರರ ಸತ್ರ ನಿಮಗ ಸುದ್ದಿ ಹ್ಯಾಂಗ ಮುಟ್ಟಬೇಕ್ರಿ?"

"ಮೂರಕ್ಕ ಮುಟ್ಟತದ ಯವ್ವಾ. ಒಂದಕ್ಕ ಮುಟ್ಟಿದ್ರ ಸತ್ತಾಂವ ಎದ್ದು ಕುಂದರ್ತಾನೇನು?"

ಕಾಲೇಜಿನಲ್ಲಿ ಅರವತ್ತು ಹುಡುಗರನ್ನು ಸುಮ್ಮನಿರಿಸುವ ನಾನು ಅವತ್ತು ಫೋನಿನ ಟವೆಲ್ಲಿನ ಸುಕ್ಕು ಸರಿಮಾಡಿಕೊಟ್ಟು ಬಂದೆ.

ಕಾಕಾ ನೌಕರಿ ಮಾಡಿದ್ದು ಬಸ್ ಸ್ಟ್ಯಾಂಡಿನಲ್ಲಿ, ಮೈಕಿನ ಮುಂದೆ. ಯಾವ ಊರಿನ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಕೂಗಿಯೇ ನಿವೃತ್ತರಾದರು. ನಿವೃತ್ತಿಯ ದಿನ ಮೈಕು ಅಲ್ಲೇ ಉಳಿಯಿತು, ಕೂಗುವ ಚಟ ಮಾತ್ರ ಜೊತೆಗೆ ಬಂತು! ಈಗ ಬಸ್ಸಿನ ಬದಲು ಮೊಬೈಲ್ ಟಿಪ್ಸ್ ಕೂಗುತ್ತಾರೆ. "ದಯವಿಟ್ಟು ಗಮನಿಸಿ" ಎಂದು ಶುರುಮಾಡಿದರೆಂದರೆ, ಮುಗಿಯಿತು. ಪ್ರತಿ ಟಿಪ್ಪನ್ನೂ ಮೂರು ಸಲ ಹೇಳುತ್ತಾರೆ. ಎರಡು ಸಲ ಹೇಳಿದರೆ ಅರ್ಧ ಜನ ಬಸ್ಸು ತಪ್ಪಿಸಿಕೊಳ್ಳುತ್ತಾರಂತೆ.

ಅವರ ಅತಿ ಪ್ರೀತಿಯ ಟಿಪ್ಪು ಯಾವುದು ಗೊತ್ತೇ? ನೆನಪಿಡಬೇಕಾದ್ದನ್ನೆಲ್ಲ ಫೋಟೊ ತೆಗೆದುಕೊಳ್ಳುವುದು. ಕರೆಂಟಿನ ಮೀಟರು, ಗುಳಿಗೆಯ ಚೀಟಿ, ಜಗತ್ ಸರ್ಕಲ್ಲಿನ ಜಂಗುಳಿಯಲ್ಲಿ ಸ್ಕೂಟರ್ ನಿಲ್ಲಿಸಿದ ಜಾಗ, ಎಲ್ಲವೂ ಅವರ ಫೋನಿನಲ್ಲಿವೆ. ಒಂದು ಮದುವೆಯಲ್ಲಿ ಕಲ್ಯಾಣ ಮಂಟಪದ ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಫೋಟೊವನ್ನೂ ತೆಗೆದುಕೊಂಡರು. ಊಟ ಮುಗಿಸಿ ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಒಬ್ಬರು ಇವರನ್ನು ತಡೆದರು. ಕಾಕಾ ಬಿಟ್ಟಾರೆಯೇ? ಎದೆ ಸೆಟೆಸಿ ಫೋನು ತೆಗೆದರು.

"ನೋಡ್ರಿ ಸಾಹೇಬ್ರ, ಪುರಾವೆ! ಫೋಟೊ ಸುಳ್ಳ ಹೇಳ್ತದೇನು?"

ಆ ಮನುಷ್ಯ ಫೋಟೊ ನೋಡಿ, ಕಾಕಾನ ಕಾಲು ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು. "ಫೋಟೊದಾಗಿನ್ವು ನಿಮ್ವು ಖರೇ ಅವ್ರಿ. ಕಾಲಾಗಿನ್ವು ನನ್ನವು!"

ಇನ್ನೊಂದು ಟಿಪ್ಪು ಅಕ್ಷರ ದೊಡ್ಡದು ಮಾಡುವುದು. ಇದು ಸಮಾಜಸೇವೆ. ಕಣ್ಣು ಕಿರಿದು ಮಾಡಿ ಫೋನು ನೋಡುವವರು ಕಂಡರೆ ಸಾಕು, ಕೇಳದೆಯೇ ಕೈಯಿಂದ ಇಸಿದುಕೊಂಡು ದೊಡ್ಡದು ಮಾಡಿಕೊಡುತ್ತಾರೆ. ಒಮ್ಮೆ ಕಮಲಾಪುರದ ಬಸ್ಸಿನಲ್ಲಿ ಪಕ್ಕದವನ ಫೋನಿಗೆ ಈ ಸೇವೆ ಮಾಡಿದರು. ಅಕ್ಷರಗಳು ಎಷ್ಟು ದೊಡ್ಡವಾದವೆಂದರೆ ಹಿಂದಿನ ಎರಡು ಸೀಟಿನವರೂ ಆರಾಮಾಗಿ ಓದಿದರು. ಅವನ ಹೆಂಡತಿ ಕಳಿಸಿದ ಸಂದೇಶ ಅದು. 'ಇವತ್ತೂ ತೊಗರಿಬೇಳೆ ಮರೆತರೆ ಮನೆ ಕಡೆ ಮುಖ ಹಾಕಬೇಡಿ.' ಅವನು ಇಳಿಯುವಾಗ ಇಡೀ ಬಸ್ಸು ಒಂದೇ ದನಿಯಲ್ಲಿ ಬೇಳೆಯ ನೆನಪು ಮಾಡಿ ಕಳಿಸಿತು!

ಇಂಥ ಕಾಕಾನ ಅಣ್ಣನೇ ನನ್ನ ಅಪ್ಪ. ಕಮಲಾಪುರದಲ್ಲಿ ಅಪ್ಪ ಕೆಂಪು ಬಾಳೆಯ ತೋಟ ಮಾಡುತ್ತಾರೆ. ಅಪ್ಪನ ದನಿ ಎಂದರೆ ದನಿ! ತೋಟದ ಆ ಮೂಲೆಯಿಂದ ಒಂದು ಮಾತು ಅಂದರೆ ರಸ್ತೆಯಲ್ಲಿ ಹೋಗುವವನೂ ಹಿಂತಿರುಗಿ ನೋಡುತ್ತಿದ್ದ. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ, ಬೈಯದೆ ಮಾತಾಡಲಂತೂ ಮೊದಲೇ ಬರುತ್ತಿರಲಿಲ್ಲ. ಒಡಹುಟ್ಟಿದ ತಮ್ಮನನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. 'ಹುಚ್ಚಪ್ಪ' ಅಂತಲೇ ಕರೆಯುತ್ತಿದ್ದರು. ಕಾಕಾ ಎಷ್ಟೋ ವರ್ಷದಿಂದ ಅವರಿಗೆ ಸ್ಮಾರ್ಟ್‌ಫೋನು ಕಲಿಸಲು ಹೆಣಗಿದ್ದರು. "ಮುಟ್ಟಿದ್ರ ಸಾಕು ಎಲ್ಲೆಲ್ಲೋ ಓಡ್ತದ. ಅಂಥಾದ್ದು ನನಗ್ಯಾಕೋ?" ಎಂದು ಅಪ್ಪ ತಮ್ಮ ಹಳೆಯ ಗುಂಡಿ ಫೋನನ್ನೇ ಹಿಡಿದು ಕೂತಿದ್ದರು.

ಕಳೆದ ವರ್ಷ ಅಪ್ಪನ ದನಿ ಒಡೆಯಿತು. ನೆಗಡಿ ಅಂದುಕೊಂಡೆವು. ಎರಡು ತಿಂಗಳಾದರೂ ಹೋಗಲಿಲ್ಲ. ಕಲಬುರಗಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಹನ್ನೆರಡು ದಿನದ ನಂತರ ಆಪರೇಷನ್ನು. ಅಪ್ಪ ಎದ್ದು ಹೊರಗೆ ಬಂದರು. ನಾನು ಜಗತ್ ಸರ್ಕಲ್ಲಿನಲ್ಲಿ ಆಟೊಗೆ ಕಾಯುತ್ತಾ ಜನ ನೋಡುತ್ತಾರೆಂಬ ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಬರೆದು ತೋರಿಸಬಹುದಲ್ಲ ಎಂದು ಬಂಧುಗಳು ಸಮಾಧಾನ ಹೇಳಿದರು. ಏನು ಬರೆಯುವುದು? ಬಾಳೆ ಗಿಡಗಳ ಆಚೆ ಇರುವ ಆಳಿಗೆ ಚೀಟಿ ತೋರಿಸಲಾದೀತೆ? ಬರೆದ ಬೈಗುಳಕ್ಕೆ ಯಾರಾದರೂ ಹೆದರುತ್ತಾರೆಯೇ? ದನಿಯಿಲ್ಲದ ಅಪ್ಪ ನಮ್ಮ ಅಪ್ಪನೇ ಅಲ್ಲವಲ್ಲ ಎಂದು ನನಗೆ ಭಯವಾಗಿತ್ತು.

ಕಾಕಾ ನಾಲ್ಕು ದಿನ ಯಾರಿಗೂ ಒಂದು ಟಿಪ್ಪನ್ನೂ ಹೇಳಲಿಲ್ಲ. ಆ ನಾಲ್ಕೂ ದಿನ ಅವರ ಫೋನಿಗೆ ಮಧ್ಯಾಹ್ನದ ನಿದ್ದೆಯೂ ಇರಲಿಲ್ಲ. ಐದನೆಯ ದಿನ ಹೊಸ ಫೋನೊಂದನ್ನು ಹಿಡಿದು ಕಲಬುರಗಿಯ ನನ್ನ ಮನೆಗೆ ಬಂದರು.

"ಯವ್ವಾ, ದನಿ ಹೋಗ್ತದ ಖರೇ. ಹೋಗೂಕಿಂತ ಮೊದಲ ಹಿಡದಿಟ್ಟರ?"

ಒಂದೊಂದು ಮಾತನ್ನು ರೆಕಾರ್ಡ್ ಮಾಡಿ ಒಂದೊಂದು ಬಟನ್ನಿಗೆ ಕೂಡಿಸುವ ಆ್ಯಪ್ ಹುಡುಕಿದ್ದರು. ಬಟನ್ನಿನ ಮೇಲೆ ಫೋಟೊ. ಚಹದ ಬಟ್ಟಲು ಒತ್ತಿದರೆ ಚಹ ಕೇಳುವ ಮಾತು, ನೀರಿನ ಮೋಟಾರು ಒತ್ತಿದರೆ ಮೋಟಾರಿನ ಮಾತು. ಎಲ್ಲವೂ ಅಪ್ಪನ ಸ್ವಂತ ದನಿಯಲ್ಲಿ! ನಾನು ಬಿಟ್ಟ ಬಾಯಿ ಮುಚ್ಚದೆ ನೋಡಿದೆ. ಅವತ್ತೇ ಇಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು.

ಅಪ್ಪನನ್ನು ಪಡಸಾಲೆಯಲ್ಲಿ ಕೂರಿಸಿ ಕಾಕಾ ಪಟ್ಟಿ ಬಿಚ್ಚಿದರು. "ದಯವಿಟ್ಟು ಗಮನಿಸಿ. ಮಾತು ನಂಬರ್ ಒಂದು. ಚಾ ತಗೊಂಡು ಬಾ."

ಅಪ್ಪ ಗಂಟಲು ಸರಿ ಮಾಡಿಕೊಂಡರು. ಅಂಗಿಯ ಗುಂಡಿ ಹಾಕಿಕೊಂಡರು. ಕೋರ್ಟಿನಲ್ಲಿ ಸಾಕ್ಷಿ ಹೇಳುವವರ ಹಾಗೆ ಹೇಳಿದರು. "ನನಗೆ ಚಹಾ ಬೇಕಾಗಿದೆ."

ಕಾಕಾ ತಲೆಯ ಮೇಲೆ ಕೈಹೊತ್ತರು. "ಅಣ್ಣಾ, ನೀ ಹುಟ್ಟಿದಾಗಿಂದ ಒಮ್ಮೆರ ಹಿಂಗ ಚಾ ಕೇಳೀಯೇನು? ಈ ಮನುಷ್ಯಾ ಯಾರಂತನೇ ನನಗ ಗುರ್ತ ಸಿಗವಲ್ದು!"

ಹತ್ತು ಸಲ ಹೇಳಿಸಿದರು. ಹತ್ತು ಸಲವೂ ಅದೇ ಸಾಕ್ಷಿ. ಫೋನು ಮುಂದೆ ಬಂದರೆ ಅಪ್ಪ ಕಲ್ಲಾಗುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

"ತಮ್ಮಾ, ಅವರಿಗಿ ಸಿಟ್ಟು ಬರಸ್ರಿ. ಸಿಟ್ಟು ಬಂದ್ರನೇ ಅವರು ಅವರಾಗ್ತಾರ."

"ಶಾಬಾಶ್ ವೈನಿ!" ಎಂದರು ಕಾಕಾ. ಫೋನಿನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ, ಅಂಗಿಯ ಕಿಸೆಗೆ ಹಾಕಿಕೊಂಡು, ನೇರ ತೋಟಕ್ಕೆ ನಡೆದರು. ಹಿಂದೆ ಅಪ್ಪ, ಅವರ ಹಿಂದೆ ನಾನು.

ಮೊದಲು ಬೇಡದ ಹೊತ್ತಿನಲ್ಲಿ ಮೋಟಾರು ಚಾಲೂ ಮಾಡಿದರು. ಅಪ್ಪ ಗುರುಗುಟ್ಟಿದರು. ಆಮೇಲೆ ತೋಟದಲ್ಲೇ ಚೆಂದದ ಗೊನೆಯೊಂದನ್ನು ತೋರಿಸಿ, "ಅಣ್ಣಾ, ಇದು ಬಾಳಿಕಾಯೋ ಬೆಂಡಿಕಾಯೋ?" ಎಂದು ಕೇಳಿದರು. ಅಪ್ಪನ ಮೂಗಿನ ಹೊಳ್ಳೆ ಅರಳಿತು. ಕೊನೆಗೆ ಕುಡುಗೋಲು ತೆಗೆದುಕೊಂಡು, ಇನ್ನೂ ತಿಂಗಳು ಬಲಿಯಬೇಕಾಗಿದ್ದ ಎಳೆಯ ಗೊನೆಯೊಂದನ್ನು ಕಡಿದೇಬಿಟ್ಟರು!

ಒಡೆದ ದನಿಯಾದರೂ ಸಿಟ್ಟಿಗೆ ಏನೂ ಆಗಿರಲಿಲ್ಲ. "ಏ ಹುಚ್ಚಪ್ಪಾ! ಕೈ ತಗಿ! ಯಾವ ಶಾಣ್ಯಾ ಹೇಳಿದ್ನೋ ನಿನಗ ಕಡೀಲಾಕ? ಮೋಟಾರ್ ಬಂದ್ ಮಾಡು ಮೊದಲ! ಎದ್ದ ಹೋಗು ನಿನ್ನ ಮನಿಗಿ!" ಕಾಕಾ ಗಿಡದಿಂದ ಗಿಡಕ್ಕೆ ಓಡುತ್ತಾ, ಎದೆಯ ಕಿಸೆಯನ್ನು ಅಪ್ಪನ ಕಡೆಗೇ ತಿರುಗಿಸುತ್ತಾ, "ಜರಾ ಜೋರ್ ಅಣ್ಣಾ, ಇನ್ನೂ ಜರಾ ಜೋರ್!" ಎಂದು ಹುರಿದುಂಬಿಸುತ್ತಿದ್ದರು. ಅರ್ಧ ತಾಸಿನ ಮೇಲೆ ಅಪ್ಪನಿಗೆ ಗುಟ್ಟು ತಿಳಿಯಿತು. ಬದುವಿನ ಮೇಲೆ ಕುಸಿದು ಕೂತು, ಕೆಮ್ಮು ಬರುವವರೆಗೆ ನಕ್ಕರು. ಆ ನಗುವಿಗೂ ಒಂದು ಬಟನ್ ಆಯಿತು.

ಅವ್ವ ಕೇಳಿಕೊಂಡದ್ದು ಒಂದೇ. "ನಾ ಅಡಿಗಿ ಮನ್ಯಾಗ ಇದ್ದಾಗ ನನಗ ಕರೀತಾರಲ್ಲ, ಅದೊಂದು ಬರೊಬ್ಬರಿ ಹಿಡೀರಿ ತಮ್ಮಾ." ಅಪ್ಪ ಈ ಸಲ ಫೋನಿಗೆ ಹೆದರಲಿಲ್ಲ. ಒಳಗಿನ ಕಡೆ ಮುಖ ಮಾಡಿ, "ಏ, ಎಲ್ಲಿದ್ದೀ?" ಎಂದರು. ಅವ್ವ ಪಕ್ಕದಲ್ಲೇ ನಿಂತಿದ್ದರೂ "ಬಂದೆ ರೀ" ಎಂದಳು. ಅದೂ ರೆಕಾರ್ಡ್ ಆಯಿತು, ಯಾರೂ ಅಳಿಸಲಿಲ್ಲ. ಒಟ್ಟು ನಲವತ್ತು ಬಟನ್ನುಗಳಾದವು. ನಾಲ್ಕೈದು ಬಿಟ್ಟರೆ ಎಲ್ಲವೂ ಬೈಗುಳ.

ಆಸ್ಪತ್ರೆ ಸೇರಿದ ದಿನ ಕಾಕಾ ಆ ಫೋನನ್ನು ಅಪ್ಪನ ಕೈಗಿತ್ತು, ರೂಢಿ ಮಾಡಿಕೋ ಎಂದು ಮೂರು ಸಲ ಹೇಳಿ ಬಂದರು. ಮರುದಿನ ಆಪರೇಷನ್ನು ಆಯಿತು. ಅಪ್ಪ ಉಳಿದರು. ಡಾಕ್ಟರು ಹೇಳಿದಂತೆ ಮಾತು ಹೋಯಿತು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ನಾವೆಲ್ಲ ತೋಟದಲ್ಲಿದ್ದೆವು. ಯಾರದೋ ಆಡಿನ ಹಿಂಡು ಬೇಲಿ ದಾಟಿ ಒಳಗೆ ಬಂತು. ಅಪ್ಪ ದೂರದಿಂದಲೇ ಬಟನ್ ಒತ್ತಿದರು. ಫೋನಿನ ದನಿ ಅಷ್ಟು ದೂರ ಎಲ್ಲಿ ಮುಟ್ಟೀತು? ಕಾಕಾ ಓಡಿ ಬಂದು ಒಂದು ಸ್ಟೀಲ್ ಬಕೆಟ್ಟನ್ನು ಮುಂದಿಟ್ಟರು. "ದಯವಿಟ್ಟು ಗಮನಿಸಿ. ಫೋನ್ ಬಕೀಟಿನಾಗ ಇಟ್ರ ದನಿ ದೊಡ್ಡದಾಗ್ತದ." ಅಪ್ಪ ಫೋನನ್ನು ಬಕೆಟ್ಟಿಗಿಳಿಸಿ ಒತ್ತಿದರು. ಅಬ್ಬಾ! "ಏ ಹುಚ್ಚಪ್ಪಾ! ಎದ್ದ ಹೋಗು ನಿನ್ನ ಮನಿಗಿ!" ಎಂದು ಬಕೆಟ್ಟು ಗುಡುಗಿತು. ಆಡುಗಳು ಒಂದು ಕಡೆ, ಕಾಯುವವನು ಇನ್ನೊಂದು ಕಡೆ, ದಿಕ್ಕಾಪಾಲಾಗಿ ಓಡಿದರು. ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತು, "ಯಪ್ಪಾ, ಮಾಲಕರ ದನಿ ಬಂತು!" ಎಂದು ಕೂಗಿದರು. ಅಪ್ಪ ಬಕೆಟ್ಟು ಹಿಡಿದು, ಯುದ್ಧ ಗೆದ್ದವರ ಹಾಗೆ ನಿಂತಿದ್ದರು. ನನಗಂತೂ ಚಪ್ಪಾಳೆ ತಟ್ಟಿ ಕುಣಿಯಬೇಕೆನಿಸಿತು, ಕುಣಿದೆ ಕೂಡ.

ಈಗ ಅಪ್ಪನ ಬೆರಳು ಎಷ್ಟು ಪಳಗಿದೆ ಎಂದರೆ, ಆರೋಗ್ಯ ವಿಚಾರಿಸಲು ಬಂದು ತಾಸುಗಟ್ಟಲೆ ಕೂತ ನೆಂಟರ ಮುಂದೆ ಚಹದ ಬಟನ್ನಿನ ಬದಲು 'ಎದ್ದ ಹೋಗು ನಿನ್ನ ಮನಿಗಿ' ಒತ್ತಿದರು. ನೆಂಟರು ಎದ್ದು ಹೋದರು. ತಪ್ಪಿ ಒತ್ತಿದ್ದೋ ಬೇಕಂತಲೇ ಒತ್ತಿದ್ದೋ, ಅಪ್ಪ ಇವತ್ತಿಗೂ ಹೇಳಿಲ್ಲ.

ಹೋದ ತಿಂಗಳು ಕಾಕಾ ಆ ಫೋನನ್ನು ಒಂದು ದಿನದ ಮಟ್ಟಿಗೆ ಖೂಬಾ ಪ್ಲಾಟಿಗೆ ತಂದರು. ಬೆಲೆಬಾಳುವುದು ಎರಡು ಕಡೆ ಇರಬೇಕು ಎನ್ನುವುದು ಅವರ ಇನ್ನೊಂದು ಟಿಪ್ಪು. ಎಲ್ಲ ದನಿಗಳನ್ನೂ ತಮ್ಮ ಫೋನಿಗೆ ನಕಲು ಮಾಡಿಕೊಂಡರು. ನಾನು ಸಂಜೆ ಹೋದಾಗ, ಅಪ್ಪನ ಫೋನು ಅದಾಗಲೇ ಬಸ್ಸಿನಲ್ಲಿ ಕಮಲಾಪುರಕ್ಕೆ ಮರಳಿತ್ತು. ಕಾಕಾ ನಕಲುಗಳನ್ನು ಎಣಿಸುತ್ತಿದ್ದರು. ಎಣಿಸಿದರೆ ನಲವತ್ತೊಂದು!

"ಯವ್ವಾ, ಇದೊಂದಕ್ಕ ಬಟನ್ನೇ ಇಲ್ಲ. ನಾ ಹಿಡದದ್ದಲ್ಲ ಇದು" ಎಂದು ಒತ್ತಿದರು. ಆಪರೇಷನ್ನಿನ ಹಿಂದಿನ ದಿನದ್ದು. ಅಪ್ಪನ ದನಿ ಬಂತು, ಮೆಲ್ಲಗೆ. ಅಪ್ಪ ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

"ಹಲೋ... ಇದು ಚಾಲೂ ಆಗ್ಯಾದೋ ಇಲ್ಲೋ... ತಮ್ಮಾ, ನಾಳಿಗಿ ಮಾತು ಹೋಗ್ತದ. ಇಷ್ಟ ವರ್ಷ ನಿನಗ ಬೈಕೋತನೇ ಬಂದೀನಿ. ಸಿಟ್ಟಿರಲಿಲ್ಲೋ. ಪ್ರೀತಿಲಿಂದ ಮಾತಾಡೂದು ನನಗ ಬರ್ತಿರಲಿಲ್ಲ, ಅಷ್ಟೇ. ನೀ ಇದ್ದೀ ಅಂತ ನನಗ ಅಂಜಿಕಿ ಇಲ್ಲ... ನರ್ಸಬಾಯಿ ಬಂದ್ಲು. ಇದನ್ನ ಹ್ಯಾಂಗ ಬಂದ್ ಮಾಡೂದೋ?" ಬಂದ್ ಮಾಡಲು ಅವರಿಗೆ ಬಂದಿರಲಿಲ್ಲ. ಅಲ್ಲಿಂದ ಮುಂದೆ ಹತ್ತು ನಿಮಿಷ ಆಸ್ಪತ್ರೆಯ ಫ್ಯಾನಿನ ಸಪ್ಪಳ. ಆ ಹತ್ತು ನಿಮಿಷವನ್ನೂ ಕಾಕಾ ಕೇಳಿದರು.

ಆಮೇಲೆ ಕಮಲಾಪುರಕ್ಕೆ ಫೋನು ಹಚ್ಚಿದರು. ಅಪ್ಪ ಎತ್ತಿಕೊಂಡದ್ದು ಗೊತ್ತಾಯಿತು. ಕಾಕಾ ಬಾಯಿ ತೆರೆದರು. ಏನೂ ಹೊರಡಲಿಲ್ಲ. ಕಣ್ಣೀರು ಗಡ್ಡಕ್ಕಿಳಿಯಿತು. ಆ ಕಡೆ ಅಪ್ಪ ಬಟನ್ ಹುಡುಕುತ್ತಿದ್ದರೇನೋ. ಮರುಗಳಿಗೆಯೇ ದನಿಯಿಲ್ಲದ ನನ್ನ ಅಪ್ಪ ತೋಟಕ್ಕೆಲ್ಲ ಕೇಳುವ ದನಿಯಲ್ಲಿ ಅಬ್ಬರಿಸಿದರು.

"ಏ, ಮಾತಾಡೋ! ಬಾಯಿ ಇಲ್ಲೇನು ನಿನಗ?"

ಕಾಕಾ ಫೋನಿಗೆ ಹೂಂ ಎನ್ನುವ ಹಾಗೆ ತಲೆ ಆಡಿಸಿದರು. ಮತ್ತೆ ಮತ್ತೆ ಆಡಿಸಿದರು. ತಲೆ ಆಡಿಸಿದ್ದು ಆ ಕಡೆಗೆ ಕೇಳಿಸುವುದಿಲ್ಲ ಎಂಬುದು, ಫೋನಿನ ಬಗ್ಗೆ ಇಷ್ಟೆಲ್ಲ ಗೊತ್ತಿದ್ದ ಮನುಷ್ಯನಿಗೆ ಆ ಹೊತ್ತಿನಲ್ಲಿ ಗೊತ್ತಿರಲಿಲ್ಲ.