ಮೂರನೆಯ ಸುತ್ತಿನ ಕೀಂಯ್

ಈ ಕತೆಯನ್ನು ಮೊದಲು ಹೇಳಿದವರು ಬಿಳಿಗೆರೆಯ ಸಿದ್ದಗಂಗಮ್ಮನವರು. ಸಾವಿರದ ಒಂಬೈನೂರ ಎಂಬತ್ತೆಂಟರ ಮಾಘಮಾಸದ ಒಂದು ಇಳಿಹೊತ್ತಿನಲ್ಲಿ, ಅಟ್ಟದಿಂದ ಇಳಿಸಿದ ಕಾಯಿಯ ರಾಶಿಗೆ ಒರಗಿ ಕುಳಿತು, ಕೊಬ್ಬರಿಗೆ ಅಂಟಿದ ಚಿಪ್ಪಿನ ಚೂರನ್ನು ಕೆರೆಯುತ್ತ ಹೇಳಿದರು. ಕಿಬ್ಬನಹಳ್ಳಿಯಲ್ಲಿ ಇದಕ್ಕೆ ಇನ್ನೊಂದು ಪಾಠವಿದೆ; ಅದರಲ್ಲಿ ಎಮ್ಮೆಗಳು ಎರಡಲ್ಲ, ಮೂರು. ಸಿದ್ದಗಂಗಮ್ಮನವರು ಎರಡೇ ಎಂದು ಸಾಧಿಸಿದ್ದರಿಂದಲೂ, ಆ ದಿನ ಶಾಲೆಯ ಮೈದಾನದಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದವರಾದ್ದರಿಂದಲೂ ಇಲ್ಲಿ ಎರಡೆಂದೇ ಇಟ್ಟುಕೊಳ್ಳಲಾಗಿದೆ.

ಎಲ್ಲಕ್ಕೂ ಮೂಲ ಒಂದು ಗುಲಾಬಿ ಬಣ್ಣದ ಕಾಗದ. ಎಂಬತ್ತಮೂರನೆಯ ಇಸವಿಯ ಒಂದು ಶನಿವಾರ ಬೆಳಿಗ್ಗೆ ಅದು ಹುಚ್ಚಣ್ಣನ ಟೀ ಅಂಗಡಿಯ ಗೋಡೆಗೆ ಅಂಟಿಕೊಂಡಿತ್ತು. ಹದಿನಾರು ವರ್ಷಗಳ ಹಿಂದೆ ಜಗಳವಾಡಿ ಚದುರಿಹೋಗಿದ್ದ ಗಾನವಿಲಾಸ ಬ್ಯಾಂಡ್ ಸೆಟ್ಟಿನ ಕಲಾವಿದರು ಮತ್ತೆ ಒಂದಾಗಿದ್ದಾರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಸಂಚಾರ ಹೊರಟಿದ್ದಾರೆ. ಮೊದಲ ಕಾರ್ಯಕ್ರಮ ಬಿಳಿಗೆರೆಯಲ್ಲಿ, ಇಂದೇ ಸಂಜೆ ನಾಲ್ಕಕ್ಕೆ. ಕೆಳಗೆ ಕ್ಲಾರಿನೆಟ್ ಹಿಡಿದ ಜವರಪ್ಪನ ಭಾವಚಿತ್ರ.

ಗಾನವಿಲಾಸವೆಂದರೆ ಆ ಸೀಮೆಗೆ ಸಾಮಾನ್ಯ ಮಾತಲ್ಲ. ಅದು ಒಡೆದ ಮೇಲೆ ಆದ ಮದುವೆಗಳನ್ನು ಹಿರಿಯರು ಅರ್ಧ ಮದುವೆಗಳೆಂದೇ ಎಣಿಸುತ್ತಿದ್ದರು. ಹೀಗಿರುವಾಗ ಕಾಗದ ನೋಡಿದ ಊರು ಕುಣಿಯಬೇಕಿತ್ತು. ಕುಣಿಯಲಿಲ್ಲ, ಹುಬ್ಬು ಗಂಟಿಕ್ಕಿತು.

"ಹದಿನಾರು ವರ್ಸ ಒಬ್ರ ಮುಖ ಒಬ್ರು ನೋಡ್ದೇ ಇದ್ದೋರು ಈಗ ಯಾಕ್ಲಾ ಒಂದಾದ್ರು?" ಎಂದ ಹುಚ್ಚಣ್ಣ, ಟೀ ಎತ್ತಿ ಹೊಯ್ಯುತ್ತ.

"ಕೊಬ್ರಿ ಮಂಡಿಯೋರು ಕಳ್ಸಿರ್ತಾರೆ ಕಣಣ್ಣ," ಎಂದಿತು ಬೆಂಚಿನ ಮೇಲಿನ ಒಂದು ಧ್ವನಿ. "ವಾದ್ಯ ಊದ್ತಾ ಮನೆ ಮನೆ ನುಗ್ಗಿ, ಯಾರ ಅಟ್ಟದಾಗೆ ಎಷ್ಟು ಕಾಯಿ ಐತೆ ಅಂತ ನೋಡ್ಕೊಂಡು ಹೋಗಕ್ಕೆ."

"ಅದೆಲ್ಲ ಇರ್ಲಿ. ಈ ಜವರಪ್ಪನ ಕೂದ್ಲು ನೋಡು. ಅರವತ್ತೈದು ದಾಟಿರೋನ ತಲೆ ಇಷ್ಟು ಕರ್ರಗೆ ಇರ್ತದಾ?"

ಆಗ ಎಲ್ಲರೂ ಮೂಲೆಯಲ್ಲಿ ಕುಳಿತಿದ್ದ ಸಣ್ಣತಿಮ್ಮಯ್ಯನ ಕಡೆ ತಿರುಗಿದರು. ತಿರುಗಲು ಕಾರಣವಿತ್ತು. ಆ ಊರಿನಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷ ಕಳೆದ ಮೇಲೆ, ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೇ ಇಲ್ಲವೇ ಎಂಬುದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ತಿಳಿಯಬೇಕು. ಬೇಗ ಒಡೆದರೆ ಹಸಿ, ಮುಗ್ಗಲು ಹಿಡಿಯುತ್ತದೆ. ಈ ಸದ್ದನ್ನು ಸಣ್ಣತಿಮ್ಮಯ್ಯನಷ್ಟು ಖಚಿತವಾಗಿ ಹೇಳುವವರು ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಅವನು ಅಲ್ಲಾಡಿಸಿ "ಹೂಂ" ಎನ್ನದೆ ಯಾರೂ ಅಟ್ಟದಿಂದ ಕಾಯಿ ಇಳಿಸುತ್ತಿರಲಿಲ್ಲ. ತೋಟ ಚಿಕ್ಕದು, ಮನೆ ಹಳೆಯದು, ಮೈಕಟ್ಟು ಹಂಚಿಕಡ್ಡಿ. ಅವನಿಗೆ ಊರಿನಲ್ಲಿದ್ದ ಮರ್ಯಾದೆಯೆಲ್ಲ ಆ ಎರಡು ಕಿವಿಗಳದ್ದು.

"ಅಸಲಿನೋ ನಕಲಿನೋ ಕಂಡುಹಿಡಿಯಕ್ಕೆ ಕೂದ್ಲು ಯಾಕೆ?" ಎಂದ ಸಣ್ಣತಿಮ್ಮಯ್ಯ ಗಂಭೀರವಾಗಿ. "ಮೆರವಣಿಗೆ ಮಟ್ಟಿನಾಗೆ, ಮೂರ್ನೇ ಸುತ್ತಿಗೆ, ಕ್ಲಾರಿನೆಟ್ಟು ಮೇಲಕ್ಕೆ ಹೋಗ್ತದಲ್ಲ, ಅಲ್ಲಿ ಒಂದು 'ಕೀಂಯ್' ಅಂತ ಜಾರ್ತದೆ. ಬಾಲ ತುಳಿಸ್ಕೊಂಡ ಕರ ಕೂಗ್ದಂಗೆ. ಜಾರಿ, ಹಂಗೇ ಸಾವರ್ಸ್ಕೊಂಡು ಮ್ಯಾಲೇಳ್ತದೆ. ಆ ಕೀಂಯ್ ಜವರಪ್ಪನ ಸೈನು. ಬಂದ್ರೆ ಅಸಲಿ, ಬರ್ದಿದ್ರೆ ನಕಲಿ."

ಎರಡನೆಯ ಟೀ ಮುಗಿಯುವಷ್ಟರಲ್ಲಿ ಅಂಗಡಿಯಲ್ಲಿದ್ದ ಎಲ್ಲರಿಗೂ ಆ ಕೀಂಯ್ ನೆನಪಾಗಿತ್ತು. ಒಬ್ಬನಂತೂ ಅದನ್ನು ಕೇಳಿಯೇ ತನ್ನ ಅಜ್ಜಿ ಕಣ್ಣೀರು ಹಾಕುತ್ತಿದ್ದಳೆಂದ.

ಸಣ್ಣತಿಮ್ಮಯ್ಯ ಗಾನವಿಲಾಸವನ್ನು ನೂರು ಸಲ ಕೇಳಿದ್ದೇನೆಂದು ಹೇಳಿಕೊಳ್ಳುತ್ತಿದ್ದ. ನಿಜವೆಂದರೆ, ಮದುವೆಯಾಗುವವರೆಗೆ ಅವನು ಅರಸೀಕೆರೆ ಕಡೆ ಸೋದರಮಾವನ ಮನೆಯಲ್ಲಿ ಬೆಳೆದವನು. ಆ ವಾದ್ಯವನ್ನು ಅವನು ಕೇಳಿದ್ದು ಒಂದೇ ಒಂದು ಸಲ, ತನ್ನದೇ ಮದುವೆಯ ಮೆರವಣಿಗೆಯಲ್ಲಿ. ಅದಾದ ವಾರಕ್ಕೆ ಸೆಟ್ಟು ಒಡೆಯಿತು. ಉಳಿದ ತೊಂಬತ್ತೊಂಬತ್ತು ಸಲ ಅವನು ಅದನ್ನು ನೆನಪಿನಲ್ಲಿ ಕೇಳಿದ್ದ.

"ಅವ್ರು ಅಸಲಿನೇ ಕಣ್ಲಾ ತಿಮ್ಮ, ಸುಮ್ಕೆ ಇಲ್ದಿದ್ದು ಎತ್ಬ್ಯಾಡ," ಎಂದು ಬಾಗಿಲಲ್ಲಿ ನಿಂತವನು ಬಸವರಾಜಪ್ಪ, ಹಳೆಯ ಪಟೇಲರ ಮಗ, ಸಣ್ಣತಿಮ್ಮಯ್ಯನ ಪಕ್ಕದ ಮನೆಯವನು. ಅವನು ಎಮ್ಮೆ ಮೇಯಿಸುತ್ತ ಶಿಳ್ಳೆ ಹಾಕಿದಾಗಲೆಲ್ಲ, "ನಿನ್ ಕಿವಿ ಅನ್ನೋದು ಕಡ್ಕು ನೇತಾಕಕ್ಕೆ ಮಾತ್ರ ಕಣ್ಲಾ," ಎಂದು ಹದಿನಾರು ವರ್ಷಗಳಿಂದ ಸಣ್ಣತಿಮ್ಮಯ್ಯ ಹಂಗಿಸಿಕೊಂಡು ಬಂದಿದ್ದ.

"ನಿಂಗೇನ್ಲಾ ಅಷ್ಟು ಗ್ಯಾರಂಟಿ?"

"ಅವ್ರು ನಮ್ಮನೇಲೇ ಇಳ್ಕೊತಾವ್ರೆ, ಅದಕ್ಕಂದೆ," ಎಂದ ಬಸವರಾಜಪ್ಪ, ಬೇರೆಡೆ ನೋಡುತ್ತ.

ಆ ಬೇರೆಡೆ ನೋಡಿದ್ದು ಸಣ್ಣತಿಮ್ಮಯ್ಯನಿಗೆ ಹಿಡಿಸಲಿಲ್ಲ. ಅವನು ಎದ್ದು ನಿಂತು, ಎರಡು ಕಿವಿಗಳನ್ನೂ ಮುಟ್ಟಿ, ಎಲ್ಲರೆದುರು ನುಡಿದುಬಿಟ್ಟ: "ಅವ್ರು ನಕಲಿ. ನನ್ ಮಾತು ಸುಳ್ಳಾದ್ರೆ ಇವತ್ತಿಂದ ಒಂದು ಕಾಯ್ನೂ ಕಿವಿಗೆ ಹಿಡಿಯಕಿಲ್ಲ!"

ಹುಚ್ಚಣ್ಣನ ಟೀ ಲೋಟದ ಹೊರಗೆ ಬಿತ್ತು.

ಮನೆಗೆ ಬಂದು ವಿಷಯ ಹೇಳಿದಾಗ ಹೆಂಡತಿ ಪುಟ್ಟಗಂಗಮ್ಮ ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಅಂಥ ಮಾತು ಯಾಕಾದ್ರೂ ಆಡಕ್ಕೆ ಹೋದ್ರಿ? ನಾನೊಂದು ಹೇಳ್ಳಾ?"

"ನೀನೇನ್ ಹೇಳ್ತೀಯ? ನಿಂಗೆ ವಾದ್ಯದ ಇಚಾರ ಏನ್ ಗೊತ್ತು?"

ಪುಟ್ಟಗಂಗಮ್ಮ ಮೊರ ಎತ್ತಿಕೊಂಡಳು.

ಮಧ್ಯಾಹ್ನದ ಬಸ್ಸಿನಲ್ಲಿ ವಾದ್ಯದವರು ಬಂದಿಳಿದರು. ಕೆಂಪು ಕೋಟು, ಟೋಪಿ, ಎಂಟು ಮಂದಿ. ಜವರಪ್ಪನ ಹಲ್ಲುಗಳೂ ಕೂದಲಿನಷ್ಟೇ ಸಂಶಯಾಸ್ಪದವಾಗಿದ್ದವು. ಹೊಸ ಹಂಚು ಹೊದಿಸಿದ ಮನೆಯಂತೆ ಒಂದೇ ಸಮ. ದೊಡ್ಡ ಡೋಲಿನ ಚಿಕ್ಕಣ್ಣ ಮಾತ್ರ ಮೊದಲಿನಂತೆಯೇ ಡೋಲಿಗಿಂತ ಸ್ವಲ್ಪ ದಪ್ಪವಾಗಿದ್ದ. ಅವರು ಬಸವರಾಜಪ್ಪನ ಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು. ಹಗಲಿನಲ್ಲಿ ಬಾಗಿಲು ಮುಚ್ಚುವುದೆಂದರೇನು? ಸಣ್ಣತಿಮ್ಮಯ್ಯ ತನ್ನ ಕೊಟ್ಟಿಗೆಯ ಸೂರಿನಿಂದ ಪಕ್ಕದ ಮನೆಯ ಅಟ್ಟಕ್ಕೆ ದಾಟಿದ. ಊರಿನ ಅಟ್ಟಗಳಲ್ಲಿ ಅವನಿಗೆ ತಿಳಿಯದ ದಾರಿ ಯಾವುದೂ ಇರಲಿಲ್ಲ.

ಕಾಯಿಯ ರಾಶಿಯ ಮೇಲೆ ಬೋರಲು ಮಲಗಿ, ಬಿದಿರು ಗಳುಗಳ ಸಂದಿಗೆ ಆ ಪ್ರಸಿದ್ಧ ಕಿವಿಯನ್ನು ಇಟ್ಟ. ಕೆಳಗೆ ಜವರಪ್ಪನ ದನಿ ಪಿಸುಗುಟ್ಟುತ್ತಿತ್ತು.

"ನಿಜ ಸಂಗ್ತಿ ಊರಿಗೆ ಗೊತ್ತಾದ್ರೆ ನಮ್ಮಿಬ್ರ ಮಾನಾನೂ ಹೋಯ್ತದೆ ಪಟೇಲ್ರೇ. ಹದಿನಾರು ವರ್ಸ ಮುಚ್ಚಿಟ್ಟಿದೀವಿ. ಇವತ್ತೊಂದಿನ ಬಾಯಿ ಬುಡಬ್ಯಾಡಿ."

"ನಾನ್ಯಾಕೆ ಬುಡ್ಲಿ?" ಎಂದ ಬಸವರಾಜಪ್ಪ. "ಆದ್ರೆ ಆ ತಿಮ್ಮಂದೇ ಹೆದ್ರಿಕೆ."

ಸಣ್ಣತಿಮ್ಮಯ್ಯನ ಎದೆ ಹಿಗ್ಗಿತು. ಹಿಗ್ಗಿದ ಎದೆ ಒಂದು ಕಾಯಿಯನ್ನು ತಳ್ಳಿತು. ಆ ಕಾಯಿ ಇನ್ನೊಂದನ್ನು, ಅದು ಇಪ್ಪತ್ತನ್ನು. ರಾಶಿ ಗುಡುಗುಡು ಜಾರಿ, ಅಟ್ಟದ ಬಾಯಿಂದ ಒಂದೊಂದಾಗಿ ಕೆಳಗಿದ್ದ ಡೋಲಿನ ಮೇಲೆ ಬಿತ್ತು. ಢಂ! ಢಂ! ಢಢಂ! ಗಾನವಿಲಾಸ ಹದಿನಾರು ವರ್ಷಗಳ ನಂತರ ಬಿಳಿಗೆರೆಯಲ್ಲಿ ನುಡಿಸಿದ ಮೊದಲ ಪೆಟ್ಟು ಅದು. ಕೊನೆಯ ಕಾಯಿಯ ಹಿಂದೆ ಸಣ್ಣತಿಮ್ಮಯ್ಯನ ಎರಡು ಕಾಲುಗಳೂ ಇಳಿದುಬಂದು ಗಾಳಿಯಲ್ಲಿ ಈಜತೊಡಗಿದವು.

ಬಸವರಾಜಪ್ಪನ ಹೆಂಡತಿ ಚಿಕ್ಕಗೌರಮ್ಮ ಮುದ್ದೆ ಕೋಲು ಹಿಡಿದೇ ಓಡಿಬಂದಳು. "ಅಯ್ಯೋ ತಿಮ್ಮಯ್ಯಣ್ಣ! ನಿಮ್ಮುನ್ನ ಅಟ್ಟಕ್ಕೆ ಯಾರು ಕರ್ದಿದ್ರು?"

"ಕಾಯಿ ಅಲ್ಲಾಡ್ಸಿ ನೋಡನಾ ಅಂತ ಬಂದೆ ಕಣವ್ವಾ," ಎಂದವು ಕಾಲುಗಳು.

"ಆ ಕಾಯಿ ಹಾಕಿ ಮೂರು ತಿಂಗ್ಳೂ ಆಗಿಲ್ವಲ್ರೀ!"

ಡೋಲಿನ ಚಿಕ್ಕಣ್ಣ ಅವನನ್ನು ಸೊಂಟ ಹಿಡಿದು ಇಳಿಸಿ, ಬಾಗಿಲಾಚೆ ನಿಲ್ಲಿಸಿ, ತಲೆಯ ಮೇಲಿದ್ದ ನಾರನ್ನೂ ಕೊಡವಿ ಕಳಿಸಿದ. ನಡು ಉಳುಕಿತ್ತು, ಆದರೆ ಸಾಕ್ಷಿ ಸಿಕ್ಕಿತ್ತು. ಅರ್ಧ ಗಂಟೆಯಲ್ಲಿ ಊರಿಗೆಲ್ಲ ತಿಳಿಯಿತು: ಏನನ್ನೋ ಮುಚ್ಚಿಡುತ್ತಿದ್ದಾರೆ, ಪಟೇಲರ ಮಗನೂ ಅದರಲ್ಲಿ ಸೇರಿದ್ದಾನೆ.

ನಾಲ್ಕಕ್ಕೆ ಶಾಲೆಯ ಮೈದಾನ ತುಂಬಿತು. ಎಲ್ಲರೂ ಕೈಕಟ್ಟಿ, ಕಳ್ಳಮಾಲು ಹಿಡಿಯಲು ಬಂದವರಂತೆ ಕುಳಿತರು. ಕಾಯಿ ಬಿದ್ದ ಡೋಲು ಒಂದು ಕಡೆ ಸೊಟ್ಟಗಾಗಿತ್ತು. ಜವರಪ್ಪ ಕ್ಲಾರಿನೆಟ್ಟನ್ನು ತುಟಿಗಿಟ್ಟ.

ಮೊದಲ ಸುತ್ತಿಗೇ ಕಟ್ಟಿದ ಕೈಗಳು ಸಡಿಲವಾದವು. ಎರಡನೆಯ ಸುತ್ತಿಗೆ ಮುದುಕರ ಕಾಲಬೆರಳು ಮಣ್ಣಿನಲ್ಲಿ ತಾಳ ಹಾಕತೊಡಗಿತು. ಸಿದ್ದಗಂಗಮ್ಮನವರಿಗೆ ತಮ್ಮ ಮದುವೆಯಲ್ಲಿ ಕಳೆದುಹೋದ ಕಿವಿಯೋಲೆ ಕೂಡ ನೆನಪಿಗೆ ಬಂತಂತೆ. ಮೂರನೆಯ ಸುತ್ತು ಬಂತು. ಕ್ಲಾರಿನೆಟ್ ಮೇಲೆ ಹೋಯಿತು. ಊರಿಗೆ ಊರೇ ಉಸಿರು ಬಿಗಿಹಿಡಿಯಿತು. ಎಣ್ಣೆಯ ಧಾರೆಯಂತೆ, ಎಲ್ಲೂ ಜಾರದೆ, ಸ್ವರ ತುದಿ ಮುಟ್ಟಿ ಇಳಿಯಿತು.

"ನಿಲ್ಸ್ರೀ!" ಸಣ್ಣತಿಮ್ಮಯ್ಯ ಬೆಂಚಿನ ಮೇಲೆ ನಿಂತಿದ್ದ. "ಎಲ್ರಪ್ಪಾ ಕೀಂಯ್?"

"ಎಲ್ಲಿ ಕೀಂಯ್?" ಎಂದಿತು ಊರು, ತಾಳ ಹಾಕುತ್ತಿದ್ದ ಬೆರಳನ್ನು ಒಳಗೆಳೆದುಕೊಂಡು.

ಜವರಪ್ಪನ ಮುಖ ಕೋಟಿನ ಬಣ್ಣಕ್ಕೆ ತಿರುಗಿತು. "ಕೀಂಯ್ಯಾ? ನಲವತ್ತು ವರ್ಸದಾಗೆ ನನ್ ವಾದ್ಯ ಒಂದು ಸಲ ಕೀಂಯ್ ಅಂದಿದ್ರೆ ಈ ನಾಲಿಗೆ ಬಿದ್ದೋಗ್ಲಿ!"

"ನೋಡಿದ್ರಾ? ತನ್ ಸೈನೇ ತನಗೆ ಗೊತ್ತಿಲ್ಲ! ನನ್ ಮದ್ವೇಲಿ ಊದ್ದೋನು ಇವ್ನಲ್ಲ ಕಣ್ರಪ್ಪಾ!"

"ಹಲ್ಲು ಬಿಚ್ಸಿ ನೋಡ್ರೋ!" ಎಂದರು ಕೆಲವರು. "ಕೂದ್ಲು ಎಳೀರಿ!" ಎಂದರು ಮತ್ತೆ ಕೆಲವರು. ಹುಚ್ಚಣ್ಣ ಐದೂವರೆಯ ಬಸ್ಸಿಗೆ ಇವರನ್ನು ಹತ್ತಿಸಿಬಿಡುವುದೇ ಲೇಸೆಂದ. ಜವರಪ್ಪ ಕ್ಲಾರಿನೆಟ್ಟನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಕಣ್ಣಂಚಿನಲ್ಲಿ ನೀರು.

ಆ ನೀರನ್ನು ಬಸವರಾಜಪ್ಪ ಸಹಿಸಲಾರದೆ ಹೋದ. ಅವನು ಜನವನ್ನು ಸೀಳಿಕೊಂಡು ಬಂದು, ಜವರಪ್ಪನ ಟೋಪಿಯನ್ನು ತನ್ನ ಹುಬ್ಬಿನವರೆಗೆ ಎಳೆದುಕೊಂಡು, ಕ್ಲಾರಿನೆಟ್ ಕಿತ್ತುಕೊಂಡು, ಜನರಿಗೆ ಬೆನ್ನು ಹಾಕಿ ಊದಿದ. ಒಂದು ಸುತ್ತು. ಎರಡು. ಮೂರನೆಯದರಲ್ಲಿ, ತುದಿಗೆ ಏರುವಾಗ...

ಕೀಂಯ್!

ಸಣ್ಣತಿಮ್ಮಯ್ಯ ಆ ಹೊತ್ತಿಗೆ ವಾದ್ಯದವರಿಗೆ ಬೆನ್ನು ಹಾಕಿ, ಜನರನ್ನು ಹುರಿದುಂಬಿಸುತ್ತ ನಿಂತಿದ್ದ. ಸದ್ದು ಕಿವಿಗೆ ಬಿದ್ದದ್ದೇ ತಡ, ಅವನ ಮೈಮೇಲಿನ ರೋಮವೆಲ್ಲ ನೆಟ್ಟಗಾಯಿತು. ಬಾಸಿಂಗ, ಮಲ್ಲಿಗೆ, ಗ್ಯಾಸ್‌ಲೈಟಿನ ಬೆಳಕು, ಎಲ್ಲ ಒಟ್ಟಿಗೆ ನುಗ್ಗಿಬಂದು ಕಣ್ಣು ತುಂಬಿತು. "ಇದೇ!" ಎಂದು ಕಿರುಚಿದ. "ಇದೇ ಕಣ್ರಪ್ಪಾ! ಇವ್ನೇ ಅಸಲಿ! ಇಂಥ ವಾದ್ಯ ಭೂಮಿ ಮ್ಯಾಲೆ ಇನ್ನೊಬ್ಬ ಊದಕ್ಕಾಗಲ್ಲ!"

ಆಮೇಲೆ ತಿರುಗಿ ನೋಡಿದ.

ನಿಜ ಸಂಗತಿ ಹೊರಬೀಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಣ್ಣತಿಮ್ಮಯ್ಯನ ಮದುವೆಯ ದಿನ, ಊಟದ ಪಂಕ್ತಿಯಲ್ಲಿ ಹೋಳಿಗೆಯನ್ನು ತನಗಿಂತ ಮೊದಲು ಡೋಲಿನ ಚಿಕ್ಕಣ್ಣನಿಗೆ ಬಡಿಸಿದರೆಂದು ಮುನಿದ ಜವರಪ್ಪ ವಾದ್ಯ ಬಿಸಾಕಿ ಕಿಬ್ಬನಹಳ್ಳಿಗೆ ಹೊರಟುಹೋಗಿದ್ದ. ಮೆರವಣಿಗೆ ನಿಲ್ಲುವಂತಿಲ್ಲ. ಪಂಪ್‌ಸೆಟ್ಟಿನ ಸದ್ದಿನ ಮರೆಯಲ್ಲಿ ತೋಟದಲ್ಲಿ ಕದ್ದು ಕ್ಲಾರಿನೆಟ್ ಕಲಿಯುತ್ತಿದ್ದ ಬಸವರಾಜಪ್ಪನಿಗೆ ಚಿಕ್ಕಣ್ಣ ಕೋಟು ತೊಡಿಸಿ ನಿಲ್ಲಿಸಿದ್ದ. ಕೆನ್ನೆ ಉಬ್ಬಿಸಿ ಊದುವಾಗ ಯಾರ ಮುಖವಾದರೂ ಕುಂಬಳಕಾಯಿಯೇ; ಯಾರಿಗೂ ಗುರುತು ಸಿಗಲಿಲ್ಲ. ಸೆಟ್ಟು ಒಡೆದದ್ದೂ ಆ ಹೋಳಿಗೆಯಿಂದಲೇ.

"ಪಟೇಲ್ರ ಮಗ ಬಾಡಿಗೆ ವಾದ್ಯ ಊದ್ದ ಅಂತ ಗೊತ್ತಾಗಿದ್ರೆ ನಮ್ಮಪ್ಪ ಚರ್ಮ ಸುಲ್ದು ಅಟ್ಟಕ್ಕಾಕ್ತಿದ್ದ," ಎಂದ ಬಸವರಾಜಪ್ಪ.

"ಮದ್ವೆ ಅರ್ಧಕ್ಕೆ ಬುಟ್ಟೋದ ಅಂದಿದ್ರೆ ನಂಗೆ ಯಾರು ವೀಳ್ಯ ಕೊಟ್ಟು ಕರೀತಿದ್ರು?" ಎಂದ ಜವರಪ್ಪ.

"ನಂಗೆ ಆವತ್ತೇ ಗೊತ್ತಿತ್ತು," ಎಂದಿತು ಹೆಂಗಸರ ಸಾಲಿನಿಂದ ಒಂದು ಧ್ವನಿ. ಪುಟ್ಟಗಂಗಮ್ಮ. "ಮದುಮಗ್ಳು ತಲೆ ಬಗ್ಗಿಸ್ಕೊಂಡೇ ನಡೀಬೇಕಲ್ಲ, ಮೆರವಣಿಗೆ ಉದ್ದಕ್ಕೂ ನಂಗೆ ಕಂಡಿದ್ದು ವಾದ್ಯದೋರ ಕಾಲು ಮಾತ್ರ. ಎಲ್ರೂ ಬೂಟು ಹಾಕಿದ್ರು. ಒಬ್ರದ್ದು ಬರಿಗಾಲು, ಎಡಗಾಲಿಗೆ ಆರು ಬೆರ್ಳು."

ಊರೆಲ್ಲ ಬಸವರಾಜಪ್ಪನ ಎಡಗಾಲನ್ನು ನೋಡಿತು. ಅದಕ್ಕೆ ಹಿಡಿಸುವ ಬೂಟು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

"ಹದ್ನಾರು ವರ್ಸ ಯಾಕೆ ಹೇಳ್ಲಿಲ್ಲ ನೀನು?" ಎಂದು ಸಣ್ಣತಿಮ್ಮಯ್ಯ ನರಳಿದ.

"ಬೆಳಿಗ್ಗೆನೂ ಹೇಳ್ಳಾ ಅಂದೆ. ಕೇಳಕ್ಕೆ ನಿಮ್ ಕಿವಿ ಖಾಲಿ ಇತ್ತಾ?"

ಹೀಗೆ ಸಣ್ಣತಿಮ್ಮಯ್ಯನ ಕಾಯಿ ಕೆಲಸ ಆ ಸಂಜೆಗೇ ಮುಗಿಯಿತು. ಕತೆ ಮಾತ್ರ ಮುಗಿಯಲಿಲ್ಲ. ಅದು ಐದೂವರೆಯ ಬಸ್ಸು ಹತ್ತಿತು. ತುರುವೇಕೆರೆಗೆ ಮುಟ್ಟುವಷ್ಟರಲ್ಲಿ ಅದರ ತಲೆಬಾಲಗಳು ಉದುರಿ, 'ಅಸಲಿ ಗಾನವಿಲಾಸಕ್ಕೆ ಮೂರನೆಯ ಸುತ್ತಿನಲ್ಲಿ ಕೀಂಯ್ ಇರಬೇಕು' ಎಂಬಷ್ಟೇ ಉಳಿದಿತ್ತು. ಮರುದಿನ ಅಲ್ಲಿ ಜವರಪ್ಪ ಎಷ್ಟು ಶುದ್ಧವಾಗಿ ಊದಿದರೂ ಜನ "ನಕಲಿ, ನಕಲಿ" ಎಂದು ಎದ್ದುಹೋದರು. ಚಿಕ್ಕನಾಯಕನಹಳ್ಳಿಯವರು ಕೀಂಯ್ ಇಲ್ಲದಿದ್ದರೆ ಬರುವುದೇ ಬೇಡವೆಂದು ಮುಂಚಿತವಾಗಿಯೇ ಹೇಳಿಕಳಿಸಿದರು.

ಬೇರೆ ದಾರಿ ಕಾಣದೆ ಗಾನವಿಲಾಸದವರು ಬಸವರಾಜಪ್ಪನಿಗೆ ಕೋಟು ಹೊಲಿಸಿ ಕರೆದುಕೊಂಡು ಹೋದರು. ಅವನ ಕೆಲಸ ಒಂದೇ: ಮೂರನೆಯ ಸುತ್ತಿಗೆ ಎದ್ದು ನಿಂತು ಜಾರುವುದು. ಹೋಗುವ ಮುನ್ನ ಅವನು ಸಣ್ಣತಿಮ್ಮಯ್ಯನ ಜಗುಲಿಗೆ ಬಂದ.

"ತಿಮ್ಮ, ನಿಂಗೆ ಹೆಂಗೂ ಈಗ ಅಟ್ಟದ ಕೆಲ್ಸ ಇಲ್ಲ. ನಾನು ಬರಗಂಟ ನಮ್ಮ ಎರಡು ಎಮ್ಮೆ ನೋಡ್ಕಳಪ್ಪ. ಶಿಳ್ಳೆ ಹಾಕಿದ್ರೇನೇ ಹಾಲು ಕೊಡೋದು. ಮೂರ್ನೇ ಸುತ್ತು ಮರೀಬ್ಯಾಡ."

ಆ ಸಂಚಾರ ಐದು ವರ್ಷವಾದರೂ ಇನ್ನೂ ಮುಗಿದಿಲ್ಲವೆಂದು ಹೇಳಿ ಸಿದ್ದಗಂಗಮ್ಮನವರು ಇಲ್ಲಿಗೆ ನಿಲ್ಲಿಸಿ ಮಡಿಲಿನ ಚೂರುಗಳನ್ನು ಕೊಡವಿದರು. ರಾಶಿಯ ಆ ಕಡೆ, ಇಷ್ಟು ಹೊತ್ತೂ ಕಾಯಿ ಎತ್ತಿಕೊಡುತ್ತಿದ್ದ ಒಬ್ಬ ತೆಳ್ಳಗಿನ ಮನುಷ್ಯ, ಕೈಗೆ ಬಂದ ಒಂದು ಕಾಯಿಯನ್ನು ಅಭ್ಯಾಸಬಲದಿಂದ ಕಿವಿಯವರೆಗೆ ಒಯ್ದ. ಸುತ್ತ ಕುಳಿತವರ ಕೈಗಳೆಲ್ಲ ನಿಂತವು. ಅವನು ಒಮ್ಮೆ ಎಲ್ಲರನ್ನೂ ನೋಡಿ, ಅಲ್ಲಾಡಿಸದೆ, ಕಾಯಿಯನ್ನು ಮೆಲ್ಲಗೆ ಕುಕ್ಕೆಯಲ್ಲಿಟ್ಟ.

"ನಡೀರಿ, ಎಮ್ಮೆ ಕರೆಯೋ ಹೊತ್ತಾಯ್ತು," ಎಂದಳು ಅವನ ಪಕ್ಕದಲ್ಲಿದ್ದ ಪುಟ್ಟಗಂಗಮ್ಮ. ಕೇಳುತ್ತಿದ್ದವರು ಸೀರೆಗೆ, ಪಂಚೆಗೆ ಹತ್ತಿದ ನಾರನ್ನು ಒದರಿ, ಕುಕ್ಕೆಗಳನ್ನು ಸೊಂಟಕ್ಕೇರಿಸಿಕೊಂಡು ತಮ್ಮ ತಮ್ಮ ಮನೆಗಳ ಕಡೆ ಹೊರಟರು. ತೋಟದ ತಿರುವಿನಾಚೆಯಿಂದ ಸ್ವಲ್ಪ ಹೊತ್ತು ಒಂದು ಶಿಳ್ಳೆ ಕೇಳಿಸುತ್ತಿತ್ತು. ಮೂರನೆಯ ಸುತ್ತಿಗೆ ಅದು ಜಾರಿತು.