ಎಲ್ಲರನ್ನೂ ಕಾಣಲು ಬಂದವನು

ನಿರ್ದೇಶಕರು: ಗೇಟಿನ ತನಕ ಬಂದವನನ್ನ ವಾಪಸ್ ಕಳಿಸಿಬಿಟ್ಯಾ?

ಕಾವಲುಗಾರ: ಇನ್ನೇನು ಮಾಡ್ಲಿ ಸಾರ್? ಹೆಗಲ ಮೇಲೆ ಕೂರಿಸ್ಕೊಂಡು ನಿಮ್ಮ ಕೋಣೆಗೆ ಕರ್ಕೊಂಡು ಬರ್ಲಾ?

ಗೇಟಿನ ಪಕ್ಕದ ಆ ಕೋಣೆ ಎಷ್ಟು ಚಿಕ್ಕದೆಂದರೆ, ಒಬ್ಬರಿಗೆ ಸಿಟ್ಟು ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಆಕಾಶ ಶ್ರವಣ ಕೇಂದ್ರದ ನಿರ್ದೇಶಕರು ಸಂದರ್ಶಕರ ಪುಸ್ತಕವನ್ನು ಎದೆಗವಚಿಕೊಂಡು ಅಲ್ಲಿ ನಿಂತಿದ್ದರು. ಕೇಂದ್ರದ ಕೆಲಸ ಒಂದೇ: ದೊಡ್ಡದೊಂದು ಡಿಶ್ಶನ್ನು ಆಕಾಶಕ್ಕೆ ಒಡ್ಡಿ, ಬೇರೆ ಲೋಕದಲ್ಲಿ ಯಾರಾದರೂ ಮಾತನಾಡಿದರೆ ಕೇಳಿಸಿಕೊಳ್ಳುವುದು. ಮೂವತ್ತೊಂದು ವರ್ಷ ಕಿವಿಗೊಟ್ಟರೂ ಒಂದು ಕೆಮ್ಮು ಸಹ ಕೇಳಿಸಿರಲಿಲ್ಲ. ಕೇಂದ್ರವನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ತನಿಖಾಧಿಕಾರಿ ಹನ್ನೊಂದು ಗಂಟೆಗೆ ಬರುವವರಿದ್ದರು. ಇಂಥ ದಿನವೇ, ಪುಸ್ತಕದ ನಿನ್ನೆಯ ಪುಟದಲ್ಲಿ, ಹಾಲಿನವನ ಸಹಿಗೂ ನಲ್ಲಿ ರಿಪೇರಿಯವನ ಸಹಿಗೂ ನಡುವೆ, ನಿರ್ದೇಶಕರ ಜನ್ಮ ಸಾರ್ಥಕವಾಗುವಂಥ ಒಂದು ಸಾಲು ಕಂಡಿತ್ತು.

ನಿರ್ದೇಶಕರು: ‘ಊರು’ ಅನ್ನೋ ಕಡೆ ಅವನು ಏನು ಬರೆದಿದಾನೆ, ನೋಡಿದ್ಯಾ?

ಕಾವಲುಗಾರ: ಏನೋ ಉದ್ದಕ್ಕೆ ಅಂಕಿ ಬರೆದ. ಫೋನ್ ನಂಬರ್ ಇರಬೇಕು ಅಂದ್ಕೊಂಡೆ.

ನಿರ್ದೇಶಕರು: ನಮ್ಮ ಡಿಶ್ಶು ನೋಡ್ತಾ ಇರೋ ನಕ್ಷತ್ರದ ಜಾಗ ಕಣಯ್ಯಾ ಅದು! ನನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ಅದರಲ್ಲೂ ಕೊನೇ ಎರಡು ಅಂಕಿ ನಂದು ತಪ್ಪಿತ್ತು. ಅವನದು ಸರಿ ಇದೆ!

ಕಾವಲುಗಾರ: ಅವರವರ ಊರು ಅವರವರಿಗೆ ಗೊತ್ತಿರುತ್ತೆ ಬಿಡಿ ಸಾರ್.

ನಿರ್ದೇಶಕರು: ಮುಖ ನೋಡಿದಾಗಲಾದ್ರೂ ನಿನಗೆ ಅನುಮಾನ ಬರಲಿಲ್ವಾ?

ಕಾವಲುಗಾರ: ಹೆಲ್ಮೆಟ್ ಹಾಕಿದ್ದ. ತೆಗೀಪ್ಪಾ ಅಂದೆ. ತೆಗೆದ. ಒಳಗೆ ತಲೆ ಇರಲಿಲ್ಲ. ಸರಿ, ಹಾಕ್ಕೋ ಅಂದೆ.

ನಿರ್ದೇಶಕರು: ತಲೆ ಇರಲಿಲ್ಲ! ಆದ್ರೂ ನಿನಗೆ ಏನೂ ಅನಿಸಲಿಲ್ಲ!

ಕಾವಲುಗಾರ: ಈ ಗೇಟಲ್ಲಿ ಇಪ್ಪತ್ತು ವರ್ಷ ಕೂತಿದೀನಿ ಸಾರ್. ತಲೆ ಇಲ್ಲದವರು ಕಾರಲ್ಲೇ ಬಂದು ಹೋಗಿದಾರೆ. ಇವನು ಪಾಪ, ನಡ್ಕೊಂಡು ಬಂದಿದ್ದ.

ನಿರ್ದೇಶಕರು: ಮಾತು? ಯಾವ ಭಾಷೇಲಿ ಮಾತಾಡಿದ?

ಕಾವಲುಗಾರ: ಮೊದಲು ಗೇಟಿನ ಹತ್ರ ಏನೋ ಗೊಣಗಿದ. ಆಮೇಲೆ ನನ್ನ ಬೆಂಚಲ್ಲಿ ಹತ್ತು ನಿಮಿಷ ಕೂತು, ನಾನು ಹಾಲಿನವನಿಗೆ ಬೈಯೋದನ್ನ ಕೇಳಿಸ್ಕೊಂಡ. ಹನ್ನೊಂದನೇ ನಿಮಿಷಕ್ಕೆ ನನಗಿಂತ ಚೆನ್ನಾಗಿ ಬೈದ.

ನಿರ್ದೇಶಕರು: ಯಾರನ್ನ ನೋಡಬೇಕು ಅಂದ?

ಕಾವಲುಗಾರ: ಅದೇ ತಕರಾರು ಸಾರ್! ‘ಎಲ್ಲರನ್ನೂ’ ಅಂದ. ಎಲ್ಲರನ್ನೂ ಅಂದ್ರೆ ಯಾವ ವಿಭಾಗ ಅಂತ ಬರ್ಕೊಳ್ಲಿ? ಒಬ್ಬರ ಹೆಸರು ಹೇಳಪ್ಪಾ ಅಂದೆ. ‘ಹೆಸರು ಗೊತ್ತಿಲ್ಲ, ನೀವು ಯಾರಾದ್ರೂ ಇದೀರಾ ಅಂತ ನೋಡೋಕೆ ಬಂದೆ’ ಅಂದ. ಇದ್ದೇವೆ, ಆದ್ರೆ ಬಿಡುವಿಲ್ಲ ಅಂದೆ.

ನಿರ್ದೇಶಕರು ಅಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕುಸಿದರು. ಎರಡು ಲೋಕಗಳ ನಡುವಿನ ಮೊದಲ ಮಾತುಕತೆಗೆ ಅವರು ಹದಿನೆಂಟು ಪುಟದ ಸ್ವಾಗತ ಭಾಷಣ ಬರೆದಿಟ್ಟಿದ್ದರು. ವರ್ಷಕ್ಕೊಮ್ಮೆ ಅದನ್ನು ತಿದ್ದುತ್ತಿದ್ದರು. ಆ ಮಾತುಕತೆ ‘ಬಿಡುವಿಲ್ಲ’ ಎಂಬಲ್ಲಿಗೆ ಮುಗಿದುಹೋಗಿತ್ತು.

ನಿರ್ದೇಶಕರು: ಯಾರಪ್ಪಾ ನಿನಗೆ ಈ ಬುದ್ಧಿ ಹೇಳಿಕೊಟ್ಟದ್ದು?

ಕಾವಲುಗಾರ: ನೀವೇ ಸಾರ್. (ಗೋಡೆ ತೋರಿಸುತ್ತ) ಓದಿ. ‘ಬೇರೆ ಲೋಕದಿಂದ ಬಂದಿರುವುದಾಗಿ ಹೇಳಿಕೊಳ್ಳುವ ಯಾರನ್ನೂ ಒಳಗೆ ಬಿಡಕೂಡದು.’ ಕೆಳಗೆ ನಿಮ್ಮ ಸಹಿ.

ನಿರ್ದೇಶಕರು: ಅದು ತಲೆಗೆ ಡಬ್ಬ ಕಟ್ಕೊಂಡು ಬರೋ ಹುಚ್ಚರಿಗೆ ಮಾಡಿದ ಆಜ್ಞೆ!

ಕಾವಲುಗಾರ: ಹಾಗಂತ ಬರೆದಿಲ್ವಲ್ಲ. ಡಬ್ಬದವರಿಗೊಂದು, ನಿಜವಾದವರಿಗೊಂದು ಅಂತ ಎರಡು ಆಜ್ಞೆ ಹಾಕಿದ್ರೆ ನಾನೂ ವಿಚಾರಿಸ್ತಿದ್ದೆ.

ನಿರ್ದೇಶಕರು ಎದ್ದರು. ಮುಖ ಇದ್ದಕ್ಕಿದ್ದಂತೆ ಅರಳಿತು.

ನಿರ್ದೇಶಕರು: ಹೋಗ್ಲಿ ಬಿಡು! ಸಾಕ್ಷಿ ಸಿಕ್ತಲ್ಲ! ಈ ಪುಟ ತನಿಖೆಗೆ ಬರೋ ಮೇಡಂ ಮುಂದೆ ಹಿಡಿದ್ರೆ, ಕೇಂದ್ರ ಮುಚ್ಚೋ ಧೈರ್ಯ ಯಾರಿಗಿದೆ? ನಲವತ್ತು ಜನರ ಕೆಲಸ ಉಳೀತು. ನಿಂದೂ ಉಳೀತು, ಹೋಗು!

ಅಷ್ಟರಲ್ಲಿ ತನಿಖಾಧಿಕಾರಿ ಬಂದೇಬಿಟ್ಟರು. ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಮಾತನ್ನು ತೂಕ ಹಾಕಿ ಕೊಡುವ ಹೆಂಗಸು. ನಿರ್ದೇಶಕರ ಕೋಣೆಯಲ್ಲಿ ಕೂತವರೇ ಕಡತ ಬಿಚ್ಚಿದರು.

ಅಧಿಕಾರಿ: ನಂದು ಒಂದೇ ಪ್ರಶ್ನೆ. ಬೇರೆ ಲೋಕದವರು ಸಿಕ್ಕಿದಾರಾ, ಇಲ್ವಾ?

ನಿರ್ದೇಶಕರು: (ಪುಸ್ತಕದ ಮೇಲೆ ಕೈಯಿಟ್ಟು, ನಗುತ್ತ) ಸಿಕ್ಕಿದಾರೆ ಅಂದ್ರೆ ಏನು ಮಾಡ್ತೀರಿ ಮೇಡಂ?

ಅಧಿಕಾರಿ: ಸಂತೋಷ. ಇವತ್ತೇ ಬೀಗ ಹಾಕಿಸ್ತೀನಿ.

ನಿರ್ದೇಶಕರು: ಬೀಗ?!

ಅಧಿಕಾರಿ: ಹುಡುಕೋದಕ್ಕೆ ಅಂತ ಮಾಡಿದ ಕೇಂದ್ರ ಇದು. ಸಿಕ್ಕಿದ ಮೇಲೆ ಹುಡುಕೋದೇನಿದೆ? ಮುಂದಿನದು ಅತಿಥಿ ಸತ್ಕಾರದ ಇಲಾಖೆ ನೋಡ್ಕೊಳ್ಳುತ್ತೆ. ಅವರ ಹತ್ರ ರತ್ನಗಂಬಳಿ ಇದೆ.

ನಿರ್ದೇಶಕರು: ನಾನು... ನಾನೊಂದು ಭಾಷಣ ಬರೆದಿದೀನಿ...

ಅಧಿಕಾರಿ: ಅದನ್ನ ಅವರಿಗೆ ಕೊಡಿ. ಚಿಕ್ಕದು ಮಾಡಿ ಓದ್ತಾರೆ.

ನಿರ್ದೇಶಕರು: ಮತ್ತೆ ಸಿಕ್ಕಿಲ್ಲ ಅಂದ್ರೆ?

ಅಧಿಕಾರಿ: ಸಿಕ್ಕಿಲ್ಲ ಅಂದ್ರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಅರ್ಥ. ಅರ್ಧ ಕೆಲಸ ಮುಚ್ಚೋಕೆ ಬರುತ್ತೇನ್ರೀ? ಇನ್ನೂ ಐದು ವರ್ಷ ಮುಂದುವರಿಸ್ತೀನಿ. ಈಗ ಹೇಳಿ, ಸಿಕ್ಕಿದಾರಾ?

ನಿರ್ದೇಶಕರು ಕಿಟಕಿಯ ಕಡೆ ತಿರುಗಿದರು. ಕಿಟಕಿಯಾಚೆ ದೊಡ್ಡ ಡಿಶ್ಶು ಎಂದಿನಂತೆ ಬಾಯಿ ತೆರೆದುಕೊಂಡು ನಿಂತಿತ್ತು. ಆಗಲೇ ಕಾವಲುಗಾರ ಬಾಗಿಲು ತಳ್ಳಿ ಒಳಗೆ ಬಂದು, ಅವರ ಕಿವಿಯ ಹತ್ತಿರ ಬಗ್ಗಿದ.

ಕಾವಲುಗಾರ: ಸಾರ್, ಮತ್ತೆ ಬಂದಿದಾನೆ. ಈ ಸಲ ನಿಮ್ಮ ಹೆಸರೇ ಹೇಳ್ತಿದಾನೆ.

ನಿರ್ದೇಶಕರು ಎದ್ದು ಗೇಟಿನ ಕಡೆ ನೋಡಿದರು. ಬಿಸಿಲಲ್ಲಿ, ಹಾಲಿನವನ ಹಿಂದೆ, ಉದ್ದನೆಯದೊಂದು ಆಕೃತಿ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ವಿನಯದಿಂದ ಸಾಲಿನಲ್ಲಿ ನಿಂತಿತ್ತು. ಅವರ ಕಣ್ಣು ಮಂಜಾಯಿತು. ಮೂವತ್ತೊಂದು ವರ್ಷ ಕಾದದ್ದು ಇಷ್ಟು ಹತ್ತಿರ, ಕೂಗಿದರೆ ಕೇಳಿಸುವಷ್ಟು ಹತ್ತಿರ!

ಅಧಿಕಾರಿ: ಯಾರ್ರೀ ಅದು?

ನಿರ್ದೇಶಕರು: ಏ, ಯಾರೂ ಅಲ್ಲ ಮೇಡಂ. ದೂರದ ಪರಿಚಯ.

ಅಧಿಕಾರಿ: ನನ್ನ ಪ್ರಶ್ನೆಗೆ ಉತ್ತರ?

ನಿರ್ದೇಶಕರು: (ಪುಸ್ತಕವನ್ನು ಮೆಲ್ಲನೆ ಮುಚ್ಚುತ್ತ) ಸಿಕ್ಕಿಲ್ಲ ಮೇಡಂ. ಕೆಲಸ ನಡೀತಾ ಇದೆ.

ಅಧಿಕಾರಿ ‘ಐದು ವರ್ಷ’ ಎಂದು ಬರೆದು, ಕೆಳಗೆ ಗೆರೆ ಎಳೆದರು. ನಿರ್ದೇಶಕರು ಕಾವಲುಗಾರನನ್ನು ಮೂಲೆಗೆ ಎಳೆದುಕೊಂಡು ಹೋದರು.

ನಿರ್ದೇಶಕರು: ಐದು ವರ್ಷ ಬಿಟ್ಟು ಬರೋಕೆ ಹೇಳಪ್ಪಾ. ಒರಟಾಗಿ ಹೇಳಬೇಡ. ಅಷ್ಟು ದೂರದಿಂದ ಬಂದಿದಾನೆ, ಬೇಜಾರು ಮಾಡ್ಕೊಂಡಾನು.

ಕಾವಲುಗಾರ: ಬೇಜಾರು ಯಾಕೆ ಸಾರ್? ಅವನೂ ನಿಮ್ಮ ಥರದ ಆಫೀಸಿನವನೇ. ರಾತ್ರಿಯೆಲ್ಲ ಯೋಚನೆ ಮಾಡಿದನಂತೆ. ‘ಹೋಗಿ ನೋಡಿದೆ, ಅಲ್ಲಿ ಯಾರೂ ಇಲ್ಲ’ ಅಂತ ಬರ್ಕೊಂಡು ಬಂದಿದಾನೆ. ಅದಕ್ಕೆ ನಿಮ್ಮದೊಂದು ಸೀಲು ಬೇಕಂತೆ.